ಬೋರ್ಡ್ ಎಲ್ಲಿ ಹಾಕ್ತೀರಿ ಅಂತ ನೋಡಿ, ಮಷಿನ್ ಆಮೇಲೆ

ಎಲ್ರಿಗೂ ನಮಸ್ಕಾರ. ಹೊಸದಾಗಿ ಬೋರ್ಡ್ ಅಂಗಡಿ ಹಾಕೋರು ಮೊದಲು ಕೇಳೋದೇ ಯಾವ ಪ್ರಿಂಟರ್ ತಗೊಳ್ಲಿ ಅಂತ. ಅದು ಕೊನೇಲಿ ಕೇಳಬೇಕಾದ ಪ್ರಶ್ನೆ. ಬೋರ್ಡು ಬಿಸಿಲಲ್ಲಿರುತ್ತಾ ಒಳಗಿರುತ್ತಾ, ಎಷ್ಟು ವರ್ಷ ಬಾಳಬೇಕು, ಜನ ಎಷ್ಟು ದೂರದಿಂದ ಓದ್ತಾರೆ, ಇಷ್ಟು ತಿಳಿದ್ರೆ ಮೆಟೀರಿಯಲ್ ತಿಳಿಯುತ್ತೆ, ಮೆಟೀರಿಯಲ್ ತಿಳಿದ್ರೆ ಇಂಕ್, ಇಂಕ್ ತಿಳಿದ್ಮೇಲೆ ಮಷಿನ್.

ದೊಡ್ಡ ಫ್ಲೆಕ್ಸ್‌ಗೆ ಸಾಲ್ವೆಂಟ್ ಮಷಿನ್ (ಆರಿಹೋಗೋ ರಾಸಾಯನಿಕ ದ್ರವದಲ್ಲಿ ಬಣ್ಣ ಕಲಸಿದ ಇಂಕಿನದು) ಅಗ್ಗ, ಸ್ಪೀಡ್, ಆದ್ರೆ ಹನಿ ದಪ್ಪ, ವಾಸನೆ ಜಾಸ್ತಿ, ರೂಮಿಗೆ ಎಕ್ಸಾಸ್ಟ್ ಫ್ಯಾನ್ ಇಲ್ದೆ ಹುಡುಗರನ್ನ ಅಲ್ಲಿ ಕೂರಿಸ್ಬೇಡಿ ದಯವಿಟ್ಟು. ಹತ್ರದಿಂದ ನೋಡೋ ವಿನೈಲ್ (ಹಿಂದೆ ಅಂಟಿರೋ ಪ್ಲಾಸ್ಟಿಕ್ ಹಾಳೆ) ಕೆಲಸಕ್ಕೆ ಇಕೋ ಸಾಲ್ವೆಂಟ್, ಅಂದ್ರೆ ವಾಸನೆ ಕಮ್ಮಿ ಇರೋ ಸಾಲ್ವೆಂಟ್ ಇಂಕ್, ಸರಿ. ಇದರ ಪ್ರಿಂಟನ್ನ ಒಂದು ದಿನ ಸಡಿಲವಾಗಿ ಬಿಟ್ಟು ಆಮೇಲೆ ಲ್ಯಾಮಿನೇಷನ್ (ಮೇಲೆ ಪಾರದರ್ಶಕ ಹಾಳೆ ಅಂಟಿಸೋದು) ಮಾಡಬೇಕು, ಅರ್ಜೆಂಟ್ ಅಂತ ಹಸಿಯಲ್ಲೇ ಮಾಡಿದ್ರೆ ಒಳಗಿನ ಸಾಲ್ವೆಂಟ್ ಹೊರಗೆ ಹೋಗೋಕಾಗ್ದೆ ಅಂಟು ಹಾಳಾಗಿ ಅಂಚು ಏಳುತ್ತೆ. ನೀರು ಆಧಾರದ ಲೇಟೆಕ್ಸ್ ಇಂಕಲ್ಲಿ ಈ ಕಾಯೋ ಕೆಲಸ ಇಲ್ಲ, ಒಣಗೇ ಬರುತ್ತೆ, ಬದಲಿಗೆ ಹೀಟರ್ ಇರೋದ್ರಿಂದ ಕರೆಂಟ್ ಜಾಸ್ತಿ ತಿನ್ನುತ್ತೆ. ಸನ್‌ಬೋರ್ಡ್, ಅಕ್ರಿಲಿಕ್ ಮೇಲೆ ನೇರ ಪ್ರಿಂಟ್ ಬೇಕಂದ್ರೆ ಯುವಿ ಫ್ಲಾಟ್‌ಬೆಡ್ (ಹಲಗೆಯನ್ನ ಮಟ್ಟವಾಗಿ ಇಟ್ಟು ಹೊಡೆದು, ಯುವಿ ಬೆಳಕಲ್ಲಿ ಇಂಕ್ ಗಟ್ಟಿ ಮಾಡೋ ಮಷಿನ್), ಬಿಳಿ ಇಂಕ್ ಕೂಡ ಇರೋದೇ ತಗೊಳ್ಳಿ.

ವಿನೈಲಲ್ಲಿ ತುಂಬಾ ಜನ ರೇಟ್ ಮಾತ್ರ ನೋಡ್ತಾರೆ. ಮಾನೊಮೆರಿಕ್ ಅನ್ನೋ ವಿನೈಲ್ ಅಗ್ಗ, ಆದ್ರೆ ಬಿಸಿಲಿಗೆ ಕುಗ್ಗುತ್ತೆ, ಸಣ್ಣ ಅವಧಿ ಕೆಲಸಕ್ಕೆ ಸಾಕು. ಅಂಗಡಿ ಬೋರ್ಡಿಗೆ ಅದಕ್ಕಿಂತ ಕಮ್ಮಿ ಕುಗ್ಗೋ ಪಾಲಿಮೆರಿಕ್ ಹಾಕಿ. ವ್ಯಾನು, ಬಸ್ಸು ಅಂತ ಉಬ್ಬುತಗ್ಗು ಇರೋ ಕಡೆ ಕಾಸ್ಟ್ (ಎರಕದ ಥರ ಹೊಯ್ದು ಮಾಡಿದ, ಚೆನ್ನಾಗಿ ಬಾಗೋ) ವಿನೈಲೇ ಬೇಕು. ಗಿರಾಕಿಗೆ ಈ ವ್ಯತ್ಯಾಸ ಬಿಲ್ಲಲ್ಲೇ ಬರೆದುಕೊಡಿ.

ಬರೀ ಫ್ಲೆಕ್ಸ್ ನಂಬ್ಕೊಂಡು ಸಾಲ ಮಾಡ್ಬೇಡಿ. 2016ರಲ್ಲೇ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸು, ಬ್ಯಾನರ್ ನಿಷೇಧ ಆಯ್ತು, 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳು ಪಿವಿಸಿ ಬ್ಯಾನರ್‌ಗೆ ಕೇಂದ್ರದ ನಿಷೇಧನೂ ಬಂತು. ಬಟ್ಟೆ ಮೇಲೆ ಪ್ರಿಂಟ್ ಕಲೀರಿ, ಎಸಿಪಿ (ಮಧ್ಯೆ ಪ್ಲಾಸ್ಟಿಕ್ ಇರೋ ಅಲ್ಯೂಮಿನಿಯಂ ಹಲಗೆ) ಮೇಲೆ ಅಕ್ರಿಲಿಕ್ ಅಕ್ಷರ, ಎಲ್‌ಇಡಿ ಕಲೀರಿ. ಅಂಗಡಿ ಬೋರ್ಡಲ್ಲಿ ಶೇ 60 ಕನ್ನಡ ಇರ್ಬೇಕು ಅಂತ 2024ರಲ್ಲಿ ಕಾನೂನು ತಿದ್ದಿದ್ಮೇಲೆ ಕನ್ನಡ ಅಕ್ಷರ ಚೆನ್ನಾಗಿ ಮಾಡೋರಿಗೆ ಕೆಲಸ ಇದ್ದೇ ಇದೆ.

ನನಗೆ ಮುಖ್ಯ ಅನ್ಸೋದು ಈ ಕನ್ನಡ ಅಕ್ಷರದ ವಿಷಯಾನೇ. ಮಷಿನ್ ಡೆಮೊದಲ್ಲಿ ಹೂವು, ಹುಲಿ, ಹುಡುಗಿ ಫೋಟೊ ಹೊಡೆದು ತೋರಿಸ್ತಾರೆ, ಅದೆಲ್ಲಾ ಯಾವ ಮಷಿನಲ್ಲೂ ಚೆನ್ನಾಗೇ ಕಾಣುತ್ತೆ! ಕನ್ನಡದ ಒತ್ತಕ್ಷರ ಇಂಗ್ಲಿಷ್ ಅಕ್ಷರದ ಹಾಗಲ್ಲ, ಕೆಳಗೆ ಇಳಿಯುತ್ತೆ, ಚಿಕ್ಕದಾಗುತ್ತೆ, ದಪ್ಪ ಹನಿ ಬಿದ್ರೆ ಒಳಗಿನ ಸಂದು ಮುಚ್ಚೋಗುತ್ತೆ. ವಸ್ತ್ರಾಲಯದ ಸ್ತ್ರಾ ಕಲೆ ಥರ ಕಂಡ್ರೆ ಗಿರಾಕಿಗೆ ಏನು ಹೇಳ್ತೀರಿ? ಸಾಲಿನ ಮಧ್ಯೆ ಜಾಗ ಜಾಸ್ತಿ ಬಿಡಿ. ನುಡಿ ಫಾಂಟಲ್ಲಿ ಮಾಡಿದ ಫೈಲನ್ನ ಕೋರಲ್‌ಡ್ರಾದಲ್ಲಿ ಕರ್ವ್ ಮಾಡ್ದೆ (ಅಕ್ಷರನ ಬರೀ ಆಕಾರವಾಗಿ ಬದಲಾಯಿಸ್ದೆ) ಕಳಿಸ್ಬೇಡಿ, ಫಾಂಟ್ ಇಲ್ಲದ ಸಿಸ್ಟಮ್ಮಲ್ಲಿ ತೆರೆದ್ರೆ ಏನೇನೋ ಗುರುತು ಬರುತ್ತೆ.

ಹಾಗಾಗಿ ಡೆಮೊಗೆ ಹೋಗುವಾಗ ಪೆನ್‌ಡ್ರೈವಲ್ಲಿ ಲಕ್ಷ್ಮೀ, ವಸ್ತ್ರಾಲಯ, ಸ್ವಾಸ್ಥ್ಯ ಇಂಥ ಪದ ಅರ್ಧ ಇಂಚು, ಒಂದಿಂಚು, ಮೂರಿಂಚು ಸೈಜಲ್ಲಿ ಹಾಕ್ಕೊಂಡು ಹೋಗಿ, ನೀವು ದಿನಾ ಬಳಸೋ ವಿನೈಲ್ ಮೇಲೇ ಹೊಡೆಸಿ. ಇಂಕ್ ಹನಿ ಬಿಡೋ ಹೆಡ್ ಹೋದ್ರೆ ಎಷ್ಟಾಗುತ್ತೆ, ಎಷ್ಟು ದಿನಕ್ಕೆ ಸಿಗುತ್ತೆ, ಸರ್ವಿಸ್ ಇಂಜಿನಿಯರ್ ಯಾವ ಊರಲ್ಲಿರ್ತಾರೆ, ಇದನ್ನ ಅಡ್ವಾನ್ಸ್ ಕೊಡೋ ಮುಂಚೆನೇ ಬರೆಸ್ಕೊಳ್ಳಿ.