ಪೆಟ್ರೋಲ್ ಕುಡಿಯುವುದು ಕಾರಿನ ವಯಸ್ಸಲ್ಲ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಒಳಗೆ ಬರುವ ಮುಂಚೆ ಪಾರ್ಕಿಂಗಿನಲ್ಲಿ ಒಂದು ಸುತ್ತು ಹಾಕಿದೆ. ಏಳು ಮಾರುತಿ 800, ಮೂರು ಜೆನ್, ಎರಡು ಸ್ಯಾಂಟ್ರೋ, ಒಂದು ಪ್ರೀಮಿಯರ್ ಪದ್ಮಿನಿ. ಪದ್ಮಿನಿ ಯಾರದ್ದು ಸಾರ್? ಕೈ ಎತ್ತಿ. ನಿಮ್ಮ ಮುಂದೆ ನಾನು ಮಾತಾಡುವುದೇ ಅಧಿಕಪ್ರಸಂಗ.

ಆಹ್ವಾನ ಪತ್ರಿಕೆಯಲ್ಲಿ ‘ಮೈಲೇಜ್ ಹೆಚ್ಚಿಸಲು ಹತ್ತು ಸೂತ್ರಗಳು’ ಅಂತ ಹಾಕಿಬಿಟ್ಟಿದ್ದಾರೆ. ನನ್ನ ಹತ್ತಿರ ಹತ್ತು ಇಲ್ಲ. ನಿನ್ನೆ ರಾತ್ರಿ ಕೂತು ಬರೆದಾಗ ಏಳಾಯಿತು. ಅದರಲ್ಲಿ ನಾಲ್ಕು ಹೇಳಿ ಮುಗಿಸಿದರೂ ದೊಡ್ಡದು. ಇನ್ನೊಂದು ಮಾತು, ನಾನು ಮೆಕ್ಯಾನಿಕ್ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ಮೇಷ್ಟ್ರಿಗೆ ಕಾರಿಗಿಂತ ಲೆಕ್ಕದ ಮೇಲೆ ಪ್ರೀತಿ ಜಾಸ್ತಿ. ಅದು ಇವತ್ತು ನಿಮಗೂ ಗೊತ್ತಾಗುತ್ತದೆ.

ಮೈಲೇಜ್ ಅನ್ನುವ ಮಾತೇ ನೋಡಿ. ಮೈಲಿ ಹೋಗಿ ಕಿಲೋಮೀಟರ್ ಬಂದು ಎಷ್ಟು ಕಾಲವಾಯಿತು. ಮೈಲೇಜ್ ಮಾತ್ರ ಹೋಗಿಲ್ಲ. ನಮ್ಮಜ್ಜಿ ಅದನ್ನು ಮೈಲಿಗೆ ಅಂತಲೇ ಕೇಳಿಸಿಕೊಳ್ಳುತ್ತಿದ್ದರು. ‘ಕಾರಿಗೂ ಮೈಲಿಗೆ ಇರುತ್ತೇನೋ’ ಅಂತ ನಿಜವಾಗಿ ಕೇಳಿದ್ದರು. ಇರಲಿ.

ನಾನು ಇವತ್ತು ಬಂದಿರುವುದು ಒಂದು ಸಿಟ್ಟಿನಿಂದ. ಹಳೇ ಕಾರು ಅಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು. ‘ವಯಸ್ಸಾಯ್ತು ಸಾರ್, ಇನ್ನು ಅಷ್ಟೇ ಕೊಡೋದು, ಮಾರಿಬಿಡಿ.’ ಪೆಟ್ರೋಲ್ ಕುಡಿಯುವುದು ವಯಸ್ಸಲ್ಲ ಸ್ವಾಮಿ. ಎಲ್ಲೋ ಒಂದು ನೂರು ರೂಪಾಯಿಯ ಸಾಮಾನು ಕೆಟ್ಟಿರುತ್ತದೆ, ನಾವು ನೋಡಿರುವುದಿಲ್ಲ. ರಿಂಗ್ ಸವೆದು ಹೊಗೆ ಉಗುಳುವ ಇಂಜಿನ್ ಇದ್ದರೆ ಅದರ ಮಾತು ಬೇರೆ. ಹೊರಗೆ ನಿಂತಿರುವ ಹೆಚ್ಚಿನ ಕಾರುಗಳ ಕತೆ ಅದಲ್ಲ.

ಒಂದು ಸಣ್ಣ ಪರೀಕ್ಷೆ. ನಿಮ್ಮ ಕಾರು ಲೀಟರಿಗೆ ಎಷ್ಟು ಕೊಡುತ್ತದೆ ಅಂತ ಗೊತ್ತಿರುವವರು ಕೈ ಎತ್ತಿ. ಅಬ್ಬಾ, ಎಲ್ಲರೂ! ಸರಿ, ಅದನ್ನು ಪುಸ್ತಕದಲ್ಲಿ ಬರೆದಿಟ್ಟವರು? ಒಬ್ಬರು. ಪದ್ಮಿನಿಯವರು. ನಾನು ಅಂದುಕೊಂಡಿದ್ದೆ.

ಉಳಿದವರದು ಅಂದಾಜು. ‘ಐನೂರು ರೂಪಾಯಿ ಹಾಕಿಸಿದ್ದೆ, ತೀರ್ಥಹಳ್ಳಿಗೆ ಹೋಗಿ ಬಂದೆ, ಇನ್ನೂ ಸ್ವಲ್ಪ ಇದೆ.’ ಆ ಸ್ವಲ್ಪ ಎಷ್ಟು? ಹಳೇ ಕಾರಿನ ಪೆಟ್ರೋಲ್ ಮುಳ್ಳು ರಾಜಕಾರಣಿಯ ಮಾತಿದ್ದ ಹಾಗೆ, ಏರಿನಲ್ಲಿ ಒಂದು, ಇಳಿಜಾರಿನಲ್ಲಿ ಒಂದು. ಲೆಕ್ಕ ಮಾಡುವ ದಾರಿ ಒಂದೇ. ಟ್ಯಾಂಕ್ ತುಂಬಿಸಿ, ಪೈಪು ತಾನಾಗಿ ಕಟ್ ಆಗುವವರೆಗೆ. ಆಮೇಲೆ ಒತ್ತಿ ಒತ್ತಿ ಹಾಕಿಸಬೇಡಿ. ಕಿಲೋಮೀಟರ್ ಬರೆದುಕೊಳ್ಳಿ. ಮುನ್ನೂರು ಕಿಲೋಮೀಟರ್ ಆದ ಮೇಲೆ ಅದೇ ಬಂಕು, ಸಾಧ್ಯವಾದರೆ ಅದೇ ಪಂಪು, ಮತ್ತೆ ಕಟ್ ಆಗುವವರೆಗೆ. ಓಡಿದ್ದನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಒಂದು ಸಲದ ಲೆಕ್ಕ ನಂಬಬೇಡಿ. ಮೂರು ಸಲ ಮಾಡಿ. ಬಂಕಿನವರ ಮೇಲೆ ಅನುಮಾನ ಇದ್ದರೆ ಐದು ಲೀಟರಿನ ಅಳತೆ ಪಾತ್ರೆ ತರಿಸಿ ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ. ಐನೂರರ ಬದಲು ಐನೂರಾ ಹತ್ತು ರೂಪಾಯಿಗೆ ಹಾಕಿಸಿದರೆ ಮೋಸ ಆಗಲ್ಲ ಅನ್ನುವುದೆಲ್ಲ ಸುಮ್ನೆ.

ಇಲ್ಲೂ ಒಂದು ಹಳ್ಳ ಇದೆ. ನನ್ನ 800ಗೆ ಕಂಪನಿ ಕೊಟ್ಟಿದ್ದು 145/70 ಆರ್12 ಟೈರು. ಹಳ್ಳಿ ರಸ್ತೆಗೆ ಎತ್ತರ ಇರಲಿ ಅಂತ ಕೆಲವರು 145/80 ಹಾಕಿಸುತ್ತಾರೆ. ಆಗ ಚಕ್ರ ದೊಡ್ಡದಾಯಿತು. ಮೀಟರು ಎಣಿಸುವುದು ಚಕ್ರದ ಸುತ್ತನ್ನು. ಕಾರು 105 ಕಿಲೋಮೀಟರ್ ದಾಟಿದ್ದರೂ ಮೀಟರು ನೂರೇ ತೋರಿಸುತ್ತದೆ. ಮೈಲೇಜ್ ಬಿತ್ತು ಅಂತ ಇವರು ಗ್ಯಾರೇಜಿಗೆ ಓಡುತ್ತಾರೆ. ಬಿದ್ದಿರುವುದು ಮೀಟರಿನ ಲೆಕ್ಕ. ಹೆದ್ದಾರಿಯ ಹಳದಿ ತಲೆಯ ಕಿಲೋಮೀಟರ್ ಕಲ್ಲು ಇದೆಯಲ್ಲ, ಹತ್ತು ಕಲ್ಲು ದಾಟುವವರೆಗೆ ನೋಡಿ, ಗೊತ್ತಾಗುತ್ತದೆ.

ಇನ್ನು ಕಂಪನಿ ಹೇಳುವ ಅಂಕಿ. ಅದು ಪುಣೆಯ ಎಆರ್‌ಎಐ ಥರದ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಉರುಳೆಗಳ ಮೇಲೆ ಕಾರು ನಿಲ್ಲಿಸಿ ಓಡಿಸಿದ್ದು. ಸುಮಾರು 20 ನಿಮಿಷದ ಓಟ, ವೇಗ 90 ದಾಟುವುದಿಲ್ಲ, ಎಸಿ ಆಫ್. ಗಾಳಿ ಇಲ್ಲ, ಗುಂಡಿ ಇಲ್ಲ, ಹಿಂದಿನ ಸೀಟಿನಲ್ಲಿ ಮಾವನವರಿಲ್ಲ. ಅದು ಸುಳ್ಳಲ್ಲ. ಎರಡು ಹೊಸ ಕಾರುಗಳಲ್ಲಿ ಯಾವುದು ವಾಸಿ ಅಂತ ನೋಡುವುದಕ್ಕೆ ಒಳ್ಳೆಯದು. ನಿಮ್ಮ ಇಪ್ಪತ್ತು ವರ್ಷದ ಕಾರಿಗೆ ಹೋಲಿಸಬೇಕಾದ ಅಂಕಿ ಬೇರೆ. ಅದೇ ಕಾರು, ಅದೇ ರಸ್ತೆಯಲ್ಲಿ, ಹೋದ ವರ್ಷ ಎಷ್ಟು ಕೊಟ್ಟಿತ್ತು? ಅದು ಎಲ್ಲಿರುತ್ತದೆ? ಪುಸ್ತಕದಲ್ಲಿ.

ಈಗ ಪುಸ್ತಕ ನನಗೆ ಪಾಠ ಕಲಿಸಿದ ಕತೆ. ಸ್ವಲ್ಪ ಉದ್ದ ಇದೆ, ತಡೆದುಕೊಳ್ಳಿ.

ನನ್ನದು 2003ರ ಮಾಡೆಲ್, ಕಾರ್ಬುರೇಟರಿನ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ. ಶಿವಮೊಗ್ಗದಿಂದ ಉಡುಪಿಗೆ ತಂಗಿಯ ಮನೆಗೆ ವರ್ಷಕ್ಕೆ ಐದಾರು ಸಲ ಹೋಗಿ ಬರುತ್ತೇವೆ. ಒಂದು ಏಪ್ರಿಲ್, ಮಧ್ಯಾಹ್ನ, ಆಗುಂಬೆ ಘಾಟಿ ಹತ್ತುತ್ತಿದ್ದೇವೆ. ಮುಂದೆ ಒಂದು ಲಾರಿ. ಫಸ್ಟ್ ಗೇರು, ಸೆಕೆಂಡ್ ಗೇರು, ಮತ್ತೆ ಫಸ್ಟು. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಹೇಗೋ ಮೇಲೆ ಬಂದು, ತಣ್ಣಗಾಗಲು ಬಿಟ್ಟು, ನೀರು ಹಾಕಿಕೊಂಡು, ಮುಂದೆ ಸಿಕ್ಕ ಒಂದು ಗ್ಯಾರೇಜಿನಲ್ಲಿ ನಿಲ್ಲಿಸಿದೆ. ಆ ಹುಡುಗ ಅರ್ಧ ಗಂಟೆಯಲ್ಲಿ ಏನೋ ಬಿಚ್ಚಿ ನನ್ನ ಕೈಯಲ್ಲಿ ಇಟ್ಟ. ‘ಥರ್ಮೋಸ್ಟಾಟ್ ವಾಲ್ವ್ ಸಾರ್. ಇದು ಚಳಿ ದೇಶದವರಿಗೆ ಇರೋದು. ನಮ್ಮೂರಿಗೆ ಬೇಡ, ತೆಗೆದುಬಿಟ್ಟಿದ್ದೀನಿ.’ ನಾನೂ ತಲೆಯಾಡಿಸಿದೆ. ವಿಜ್ಞಾನದ ಮೇಷ್ಟ್ರು ನೋಡಿ! ನೆಗಡಿ ಬಂತು ಅಂತ ಮೂಗು ಕೊಯ್ದು ಕೈಗೆ ಕೊಟ್ಟರೆ, ಜೇಬಿಗೆ ಹಾಕಿಕೊಂಡು ಥ್ಯಾಂಕ್ಸ್ ಹೇಳಿ ಬಂದೆ.

ಕಾರು ಆಮೇಲೆ ಕುದಿಯಲಿಲ್ಲ. ನನಗೆ ಬಲು ಖುಷಿ. ಆದರೆ ಪುಸ್ತಕ ಬೇರೆ ಹೇಳುತ್ತಿತ್ತು. ಮಾರ್ಚಿನವರೆಗೆ ಹದಿನೇಳರ ಆಸುಪಾಸು ಕೊಡುತ್ತಿದ್ದ ಕಾರು ಮೇ ತಿಂಗಳಲ್ಲಿ 14, ಮಳೆಗಾಲ ಬರುವಷ್ಟರಲ್ಲಿ 13. ಮೊದಲು ಬಂಕು ಬದಲಾಯಿಸಿದೆ. ಆಮೇಲೆ ಪ್ಲಗ್ ಬದಲಾಯಿಸಿದೆ. ಬಿಚ್ಚಿದ ಪ್ಲಗ್ಗಿನ ತುದಿ ಕಾಡಿಗೆಯಷ್ಟು ಕಪ್ಪು. ಬಿಸ್ಕತ್ತಿನ ಬಣ್ಣ ಇರಬೇಕಾದದ್ದು. ಕಪ್ಪು ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತ ಅಲ್ಲೇ ಬರೆದಿತ್ತು, ನಾನು ಓದಲಿಲ್ಲ. ಬಂಕಿನ ಪೆಟ್ರೋಲಿಗೆ ಬೆರೆಸುವ ಎಥೆನಾಲನ್ನು ಬೈದೆ. ಕೊನೆಗೆ ಮಗನ ಡ್ರೈವಿಂಗ್ ಬೈದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಹಿಡಿದದ್ದು ನಮ್ಮ ಮನೆಯವರು. ಡಿಸೆಂಬರ್ ಬೆಳಿಗ್ಗೆ, ಆಗುಂಬೆಯಲ್ಲಿ ಮಂಜು. ಗಾಜಿಗೆ ಹಬೆ ಹಿಡಿದಿತ್ತು, ಹೀಟರ್ ಹಾಕಿದೆ. ಇಂಜಿನ್ ತೊಂಬತ್ತು ಕಿಲೋಮೀಟರ್ ಹತ್ತಿರ ಓಡಿದೆ, ಬಿಸಿ ಗಾಳಿ ಬರಬೇಕು ಅಲ್ವಾ? ಅವರು ಕೈ ಇಟ್ಟು ನೋಡಿ, ‘ಏನ್ರೀ ಇದು, ಫ್ಯಾನ್ ಹಾಕಿದ ಹಾಗಿದೆ’ ಅಂದರು. ಮುಳ್ಳು ನೋಡಿದೆ. ತಳದಿಂದ ಒಂದು ಚೂರು ಮೇಲೆದ್ದು ಅಲ್ಲೇ ಮಲಗಿತ್ತು. ಎಂಟು ತಿಂಗಳಿಂದ ಅಲ್ಲೇ ಮಲಗಿತ್ತೋ ಏನೋ. ಕೆಂಪಿಗೆ ಹೋಗದಿದ್ದರೆ ಸಾಕು ಅಂತ ನೋಡುತ್ತಿದ್ದವನು ನಾನು.

ಆಗ ಹೊಳೆಯಿತು. ಇಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಅದಕ್ಕೇ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಸ್ವಲ್ಪ ಜಾಸ್ತಿ ಸುರಿಯುತ್ತದೆ. ಹಳೇ ಕಾರ್ಬುರೇಟರಿನಲ್ಲಿ ನಾವು ಚೋಕ್ ಎಳೆಯುತ್ತಿದ್ದೆವಲ್ಲ, ಅದೇ ಕೆಲಸ. ನೀರು ಬಿಸಿಯಾಯಿತು ಅಂತ ಸೆನ್ಸರ್ ಹೇಳಿದ ಮೇಲೆ ಕಡಿಮೆ ಮಾಡುತ್ತದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಅನ್ನುವ ಲೆಕ್ಕಕ್ಕೆ ಬರುತ್ತದೆ. ನೀರು ಬೇಗ ಬಿಸಿಯಾಗಲಿ ಅಂತಲೇ ವಾಲ್ವ್ ಇರುವುದು, ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಕೊಂಡಿರುತ್ತದೆ. ನನ್ನ ಕಾರಿನಲ್ಲಿ ವಾಲ್ವ್ ಇಲ್ಲ, ನೀರು ಕಾಯುವುದಿಲ್ಲ. ಎಂಟು ತಿಂಗಳು ನನ್ನ ಇಂಜಿನ್ನಿಗೆ ಮಧ್ಯಾಹ್ನವೇ ಆಗಿರಲಿಲ್ಲ. ಯಾವಾಗಲೂ ಬೆಳಿಗ್ಗೆ ಆರು ಗಂಟೆ!

ತೆಗೆದ ವಾಲ್ವ್ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಅದರ ಮೇಲೆ 82 ಅಂತ ಅಚ್ಚಾಗಿತ್ತು. 82 ಡಿಗ್ರಿಗೆ ಬಾಯಿ ತೆರೆಯಬೇಕು ಅಂತ. ಒಳಗೆ ಒಂದು ತೊಟ್ಟು ಮೇಣ ಇರುತ್ತದೆ, ಅದು ಕರಗಿ ಹಿಗ್ಗಿ ಬಾಗಿಲು ತಳ್ಳುತ್ತದೆ. ಅಷ್ಟೇ ಯಂತ್ರ. ಹಳೇ ಹಾಲಿನ ಪಾತ್ರೆಯಲ್ಲಿ ನೀರು ಕಾಯಿಸಿ, ವಾಲ್ವನ್ನು ದಾರ ಕಟ್ಟಿ ಇಳಿಬಿಟ್ಟೆ. ಮನೆಯವರು ‘ಆ ಪಾತ್ರೆ ಇನ್ನು ಒಳಗೆ ಬರಬಾರದು’ ಅಂದರು. ನೋಡಿ, ಕೊನೆಗೂ ಮೈಲಿಗೆ ಬಂತು. ನೀರು ಗುಳುಗುಳು ಅನ್ನುವ ಮುಂಚೆಯೇ ಬಾಯಿ ನಿಧಾನಕ್ಕೆ ತೆರೆಯಿತು. ವಾಲ್ವ್ ಕೆಟ್ಟೇ ಇರಲಿಲ್ಲ! ಕೆಟ್ಟಿದ್ದು ರೇಡಿಯೇಟರ್ ಫ್ಯಾನಿನ ವೈರಿನ ಕನೆಕ್ಟರ್, ಸುಟ್ಟು ಕರಕಲಾಗಿತ್ತು. ಫ್ಯಾನ್ ಸರಿಮಾಡಿಸಿ, ಹೊಸ ಗ್ಯಾಸ್ಕೆಟ್ ಇಟ್ಟು, ಕೂಲೆಂಟ್ ತುಂಬಿಸಿ ಅದೇ ವಾಲ್ವ್ ವಾಪಸ್ ಹಾಕಿಸಿದೆ. ಮೂರನೇ ಟ್ಯಾಂಕಿಗೆ 16.8.

ಇವತ್ತು ಮನೆಗೆ ಹೋಗುವಾಗ ಹತ್ತು ಹದಿನೈದು ನಿಮಿಷ ಓಡಿಸಿದ ಮೇಲೆ ಮುಳ್ಳು ನೋಡಿ. ನಡುಮಧ್ಯದ ಹತ್ತಿರ ಬಂದು ನಿಲ್ಲಬೇಕು. ಬರದಿದ್ದರೆ ಯಾರೋ ನಿಮ್ಮ ಕಾರಿನ ಮೂಗನ್ನೂ ಕೊಯ್ದಿರಬಹುದು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವರು ಖಂಡಿತ ನೋಡಿ.

ಈ 13 ಮತ್ತು 17ರ ಮೇಲೆ ಒಂದು ಲೆಕ್ಕ. ಬೋರ್ಡ್ ಇದ್ದಿದ್ದರೆ ಚೆನ್ನಾಗಿತ್ತು. ತಿಂಗಳಿಗೆ 1000 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಹದಿಮೂರರ ಕಾರಿಗೆ 77 ಲೀಟರ್ ಬೇಕು. ಹದಿನೇಳಕ್ಕೆ ಬಂದರೆ 59. ಹದಿನೆಂಟು ಲೀಟರ್ ಉಳಿಯಿತು, ಲೀಟರಿಗೆ ನೂರು ರೂಪಾಯಿ ಅಂದರೂ 1800. ಈಗ ನಿಮ್ಮ ಪಕ್ಕದ ಮನೆಯವರ ಹೊಸ ಕಾರು. ಅವರು ಏನೇನೋ ಕಸರತ್ತು ಮಾಡಿ 20 ಇದ್ದದ್ದನ್ನು 24 ಮಾಡಿದರು. ಅದೂ ನಾಲ್ಕೇ ತಾನೆ? ಅವರಿಗೆ ಉಳಿದದ್ದು ಎಂಟು ಲೀಟರ್ ಚಿಲ್ಲರೆ. ಅದೇ ನಾಲ್ಕು, ನಮಗೆ ಸಿಗುವುದು ಎರಡರಷ್ಟಕ್ಕಿಂತ ಜಾಸ್ತಿ. ಜಾಸ್ತಿ ಕುಡಿಯುವ ಕಾರನ್ನು ರಿಪೇರಿ ಮಾಡಿದರೇ ಲಾಭ. ಹಳೇ ಕಾರಿಗೆ ಯಾಕೆ ಖರ್ಚು ಮಾಡುತ್ತೀರಿ ಅಂತ ಕೇಳಿದವರಿಗೆ ಈ ಲೆಕ್ಕ ಹೇಳಿ. ಪದ್ಮಿನಿಯವರೇ, ನಿಮಗೆ ಇನ್ನೂ ಲಾಭ.

ಯಾರೋ ಹಿಂದಿನಿಂದ ‘ಎಥೆನಾಲ್’ ಅಂದರು. ಹೇಳುತ್ತೇನೆ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು. ಶೇಕಡ 20 ಬೆರೆಸಿದರೆ ಒಟ್ಟು ಶಕ್ತಿ ಶೇಕಡ 6-7 ಕಡಿಮೆ. ನೀತಿ ಆಯೋಗದ 2021ರ ವರದಿಯೂ ನಮ್ಮಂಥ ಕಾರುಗಳಿಗೆ ಅಷ್ಟೇ ಇಳಿಕೆ ಹೇಳಿತ್ತು. ಅಂದರೆ ಹದಿನೇಳು ಕೊಡುವ ಕಾರು ಹದಿನಾರರ ಹತ್ತಿರ ಬರುತ್ತದೆ. ಅದೂ ಬರೀ ಪೆಟ್ರೋಲಿಗೆ ಹೋಲಿಸಿದರೆ. ಮುಂಚೆಯೇ ಹತ್ತು ಪರ್ಸೆಂಟ್ ಇತ್ತಲ್ಲ, ಅಲ್ಲಿಂದ ಲೆಕ್ಕ ಹಾಕಿದರೆ ಅದರ ಅರ್ಧ. ನಷ್ಟ ಇಲ್ಲ ಅಂತ ನಾನು ಹೇಳುವುದಿಲ್ಲ, ನನಗೂ ಹೊಟ್ಟೆ ಉರಿಯುತ್ತದೆ. ಹಳೇ ರಬ್ಬರ್ ಪೈಪುಗಳು ಬಿರುಕು ಬಿಟ್ಟಿವೆಯಾ ಅಂತಲೂ ನೋಡಿಸಿಕೊಳ್ಳಿ, ವಾಸನೆ ಬಂದರೆ ತಡಮಾಡಬೇಡಿ. ಆದರೆ ಹದಿನೇಳರಿಂದ ಹದಿಮೂರಕ್ಕೆ ಬಿದ್ದದ್ದನ್ನೂ ಎಥೆನಾಲಿನ ತಲೆಗೆ ಕಟ್ಟಿದರೆ, ಕೆಟ್ಟದ್ದು ಕೆಟ್ಟೇ ಇರುತ್ತದೆ. ಎಷ್ಟು ಬಿತ್ತು, ಯಾವತ್ತಿಂದ ಬಿತ್ತು? ಮತ್ತೆ ಪುಸ್ತಕ.

ಚೀಟಿ ಬಂತು. ‘ಹತ್ತು ನಿಮಿಷ.’ ಸರಿ.

ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡುವವರು ಇಲ್ಲಿ ಎಷ್ಟು ಜನ ಇದ್ದೀರಿ ಅಂತ ಕೇಳುವುದಿಲ್ಲ, ಮುಖ ನೋಡಿದರೆ ಗೊತ್ತಾಗುತ್ತದೆ. ಇಂಜೆಕ್ಷನ್ ಇರುವ ಕಾರಿನಲ್ಲಿ ಅದು ನಷ್ಟ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ, ಇಂಜೆಕ್ಟರ್ ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ಹನಿ ಇಲ್ಲ. ನ್ಯೂಟ್ರಲ್ ಮಾಡಿದಿರೋ, ಇಂಜಿನ್ ಆರಿಹೋಗದಿರಲು ಪೆಟ್ರೋಲ್ ಕುಡಿಯಲೇಬೇಕು. ಕಾರ್ಬುರೇಟರ್ ಕಾರಿಗೆ ಈ ಲಾಭ ಅಷ್ಟಾಗಿ ಇಲ್ಲ, ನಿಜ. ಆದರೂ ಗೇರಿನಲ್ಲೇ ಇಳಿಯಿರಿ. ಆಗುಂಬೆಯ ತಿರುವುಗಳಲ್ಲಿ ಬರೀ ಬ್ರೇಕ್ ನಂಬಿದರೆ ಕೆಳಗೆ ಬರುವಷ್ಟರಲ್ಲಿ ಕಾದು ಹಿಡಿತ ಬಿಡುತ್ತದೆ. ಕೀ ಆಫ್ ಮಾಡಿ ಇಳಿಯುವ ಪುಣ್ಯಾತ್ಮರಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ವೇಗ. ಗಾಳಿ ತಡೆಯುವ ಬಲ ವೇಗದ ವರ್ಗದಷ್ಟು ಏರುತ್ತದೆ. 80ರಿಂದ 100ಕ್ಕೆ ಹೋದರೆ ಆ ಬಲ ಒಂದೂವರೆ ಪಟ್ಟಿಗಿಂತ ಜಾಸ್ತಿ. ನಾಲ್ಕೇ ಗೇರಿನ 800ರಲ್ಲಿ ನೂರಕ್ಕೆ ಇಂಜಿನ್ ಹೇಗೆ ಅರಚುತ್ತದೆ ನಿಮಗೇ ಗೊತ್ತು. ಇಂಧನ ಉಳಿತಾಯಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ ಪಿಸಿಆರ್‌ಎಯವರು 45ರಿಂದ 55ರಲ್ಲಿ ಓಡಿಸಿ ಅನ್ನುತ್ತಾರೆ. ಹೆದ್ದಾರಿಯಲ್ಲಿ 55ರಲ್ಲಿ ಹೋದರೆ ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಕಿವಿ ತೂತು ಮಾಡುತ್ತಾನೆ. ನಾನು 65-70ಕ್ಕೆ ರಾಜಿಯಾಗಿದ್ದೇನೆ.

ಇನ್ನು ಗಡಿಬಿಡಿಯಲ್ಲಿ ಓದುತ್ತೇನೆ. ಬ್ರೇಕ್. ಮಲೆನಾಡಿನ ಮಳೆಗೆ ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದು ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ. ಸ್ವಲ್ಪ ದೂರ ಓಡಿಸಿ ಇಳಿದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಡಿಸ್ಕ್ ಮುಟ್ಟಬೇಡಿ. ಎಡ ಬಲ ಹೋಲಿಸಿ ಒಂದು ಮಾತ್ರ ಕಾವು ಹೊಡೆಯುತ್ತಿದ್ದರೆ ಅದೇ ಕಳ್ಳ. ಸಮತಟ್ಟು ಜಾಗದಲ್ಲಿ 800ನ್ನು ಒಬ್ಬರು ತಳ್ಳಿದರೆ ಉರುಳಬೇಕು.

ಏರ್ ಫಿಲ್ಟರ್. ಇದರಲ್ಲಿ ನಾನೂ ತಪ್ಪು ತಿಳಿದಿದ್ದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು ನೋಡಿದ್ದಾರೆ. ಇಂಜೆಕ್ಷನ್ ಕಾರಿನಲ್ಲಿ ಫಿಲ್ಟರ್ ಕೊಳೆಯಾದರೆ ಪಿಕಪ್ ಹೋಗುತ್ತದೆ, ಮೈಲೇಜ್ ಅಷ್ಟಾಗಿ ಬೀಳುವುದಿಲ್ಲ. ಬೀಳುವುದು ಕಾರ್ಬುರೇಟರಿನಲ್ಲಿ. ಪದ್ಮಿನಿಯವರು ಬರೆದುಕೊಳ್ಳಲಿ. ಉಳಿದವರು ಫಿಲ್ಟರಿಗಿಂತ ಮೊದಲು ಆಕ್ಸಿಜನ್ ಸೆನ್ಸರ್ ನೋಡಿಸಿ. ಹೊಗೆಯಲ್ಲಿ ಉಳಿದ ಆಮ್ಲಜನಕ ಮೂಸಿ ಇಸಿಯುಗೆ ಹೇಳುವುದು ಅದು. ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಅದಕ್ಕೆ ಮೂಗು ಮಂದವಾಗಿರಬಹುದು.

ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ, ಯಾವುದನ್ನೂ ಕೊಳ್ಳಬೇಡಿ. ಬೆಳಿಗ್ಗೆ ತಣ್ಣಗಿರುವಾಗ ಹಾಕಿಸಿದರೆ ಜಾಸ್ತಿ ಬರುತ್ತದೆ ಅನ್ನುವುದೂ ಅಷ್ಟೇ, ಬಂಕಿನ ಟ್ಯಾಂಕ್ ನೆಲದೊಳಗಿದೆ, ಅದಕ್ಕೆ ಬೆಳಗೂ ಒಂದೇ ಮಧ್ಯಾಹ್ನವೂ ಒಂದೇ.

ಎರಡನೇ ಚೀಟಿ. ಇದರಲ್ಲಿ ‘ಟೀ ಆರುತ್ತಿದೆ’ ಅಂತ ಬರೆದಿದ್ದಾರೆ. ಟೈರಿನ ಗಾಳಿ ಹಾಗೇ ಉಳಿಯಿತು. ಅದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಅಳೆದು ತೋರಿಸುವುದೇ ವಾಸಿ. ಗೇಜ್ ನನ್ನ ಚೀಲದಲ್ಲಿದೆ. ಮಳೆ ನಿಂತಿದ್ದರೆ ಟೀ ಲೋಟ ಹಿಡಿದುಕೊಂಡೇ ಪಾರ್ಕಿಂಗಿಗೆ ಬನ್ನಿ, ಪದ್ಮಿನಿಯಿಂದ ಶುರು ಮಾಡೋಣ.