ಬಡ್ ಫೌಲರ್: ಬಾಗಿಲು ಮುಚ್ಚುವ ಮೊದಲು ಒಳಗಿದ್ದ ಆಟಗಾರ

ನಮಸ್ಕಾರ.

ಜಾಕಿ ರಾಬಿನ್ಸನ್ ಹೆಸರು ನಿಮ್ಮಲ್ಲಿ ತುಂಬಾ ಜನ ಕೇಳಿರುತ್ತೀರಿ. 1947ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡದಲ್ಲಿ ಆಡಿ, ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗಿನಲ್ಲಿ ಕಪ್ಪು ಜನರಿಗೆ ಮುಚ್ಚಿದ್ದ ಬಾಗಿಲನ್ನು ತೆರೆದವರು. ಅವರ ಬಗ್ಗೆ ನನಗೆ ಅಪಾರ ಗೌರವ ಇದೆ. ಆದರೆ ಆ ಕಥೆಯನ್ನು ನಾವು ಹೇಳುವ ರೀತಿಯಲ್ಲಿ ಒಂದು ತೊಂದರೆ ಇದೆ. ಆ ಬಾಗಿಲು ಆಟ ಶುರುವಾದ ದಿನದಿಂದಲೂ ಮುಚ್ಚೇ ಇತ್ತು ಅಂತ ಕೇಳಿದವರು ಅಂದುಕೊಳ್ಳುತ್ತಾರೆ. ಆಗಿನ ಕಾಲವೇ ಹಾಗಿತ್ತು, ಏನು ಮಾಡೋಕಾಗುತ್ತೆ ಅಂತ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಾರೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಅಂತ ಹೇಳಬೇಕಾದರೆ ಬಡ್ ಫೌಲರ್ ಅವರ ಕಥೆ ಹೇಳಬೇಕು. ರಾಬಿನ್ಸನ್ ಹುಟ್ಟುವುದಕ್ಕೆ ನಲವತ್ತು ವರ್ಷ ಮೊದಲೇ ಬಿಳಿಯರ ತಂಡಗಳಲ್ಲಿ ಸಂಬಳಕ್ಕೆ ಆಡಿದವರು ಇವರು. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಅಂತ ಚರಿತ್ರೆಕಾರರು ಇವರನ್ನೇ ಗುರುತಿಸುತ್ತಾರೆ. ಎಲ್ಲ ಜಾಗದಲ್ಲೂ ಆಡಿದ್ದಾರೆ. ಬ್ಯಾಟರ್‌ಗೆ ಚೆಂಡೆಸೆಯುವ ಪಿಚರ್, ಬ್ಯಾಟರ್ ಹಿಂದೆ ನಿಂತು ಅದನ್ನು ಹಿಡಿಯುವ ಕ್ಯಾಚರ್, ಮೈದಾನದ ದೂರದ ಭಾಗವಾದ ಔಟ್‌ಫೀಲ್ಡ್, ಎಲ್ಲವೂ. ಆದರೆ ಹೆಸರು ಮಾಡಿದ್ದು ಸೆಕೆಂಡ್ ಬೇಸ್‌ನಲ್ಲಿ.

ನಿಜವಾದ ಹೆಸರು ಜಾನ್ ಜಾಕ್ಸನ್. 1858ರ ಮಾರ್ಚ್ 16ರಂದು ನ್ಯೂಯಾರ್ಕ್ ರಾಜ್ಯದ ಫೋರ್ಟ್ ಪ್ಲೇನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಅಪ್ಪ ಕ್ಷೌರಿಕ. ಮಗನೂ ಆ ಕೆಲಸ ಕಲಿತ. ಮುಂದೆ ಆಟ ಕೈಕೊಟ್ಟಾಗಲೆಲ್ಲ ಊಟ ಹಾಕಿದ್ದು ಆ ಕತ್ತರಿಯೇ. ಎದುರಿಗೆ ಸಿಕ್ಕವರನ್ನೆಲ್ಲ ‘ಬಡ್’ ಅಂತ ಕರೆಯುತ್ತಿದ್ದರಂತೆ. ಕೊನೆಗೆ ಅದೇ ಅವರ ಹೆಸರಾಯಿತು.

ಹುಡುಗ ಚಿಕ್ಕವನಿದ್ದಾಗಲೇ ಮನೆಯವರು ಕೂಪರ್ಸ್‌ಟೌನ್‌ಗೆ ಬಂದು ನೆಲೆಸಿದರು. ಬೇಸ್‌ಬಾಲ್ ಗೊತ್ತಿದ್ದವರು ಈ ಹೆಸರು ಕೇಳಿದ ಕೂಡಲೇ ನೆಟ್ಟಗೆ ಕೂರುತ್ತಾರೆ. ಬೇಸ್‌ಬಾಲಿನ ಶ್ರೇಷ್ಠರನ್ನು ಗೌರವಿಸುವ ಮ್ಯೂಸಿಯಂ, ಹಾಲ್ ಆಫ್ ಫೇಮ್, ಇರುವುದು ಅದೇ ಊರಿನಲ್ಲಿ. ಅದು ಅಲ್ಲೇ ಯಾಕಿದೆ ಗೊತ್ತಾ? ಒಂದು ಕಟ್ಟುಕಥೆಯಿಂದ. 1839ರಲ್ಲಿ ಆಬ್ನರ್ ಡಬಲ್‌ಡೇ ಎಂಬಾತ ಕೂಪರ್ಸ್‌ಟೌನ್‌ನಲ್ಲಿ ಬೇಸ್‌ಬಾಲ್ ಕಂಡುಹಿಡಿದ ಅಂತ ಒಂದು ಸಮಿತಿ ತೀರ್ಮಾನ ಕೊಟ್ಟಿತು. ಆ ವರ್ಷ ಡಬಲ್‌ಡೇ ಇದ್ದದ್ದು ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ. ಕಥೆ ಸುಳ್ಳು ಅಂತ ಇವತ್ತು ಎಲ್ಲರಿಗೂ ಗೊತ್ತು. ಆದರೂ ಆ ಸುಳ್ಳಿನ ಮೇಲೆ 1939ರಲ್ಲಿ ಮ್ಯೂಸಿಯಂ ಎದ್ದು ನಿಂತಿತು. ಆ ಊರಿನಲ್ಲಿ ನಿಜವಾಗಿ ಓಡಾಡಿ ಬೆಳೆದ ವೃತ್ತಿಪರ ಆಟಗಾರನಿಗೆ ಒಳಗೆ ಜಾಗ ಸಿಗಲು ಅಲ್ಲಿಂದ ಇನ್ನೂ 83 ವರ್ಷ ಬೇಕಾಯಿತು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಸರಿ, ಆಟಕ್ಕೆ ಬರೋಣ. 1878ರ ಏಪ್ರಿಲ್ 24. ಮ್ಯಾಸಚೂಸೆಟ್ಸ್‌ನ ಚೆಲ್ಸಿ ಎಂಬಲ್ಲಿಯ ತಂಡವೊಂದಕ್ಕೆ ಇಪ್ಪತ್ತು ವರ್ಷದ ಫೌಲರ್ ಪಿಚರ್. ಎದುರಿಗೆ ಬೋಸ್ಟನ್. ಸುಮ್ನೆ ಯಾವುದೋ ಬೋಸ್ಟನ್ ತಂಡ ಅಲ್ಲ, ಹಿಂದಿನ ವರ್ಷ ನ್ಯಾಷನಲ್ ಲೀಗ್ ಗೆದ್ದ ಚಾಂಪಿಯನ್ನರು. ಅವರ ಪಿಚರ್ ಟಾಮಿ ಬಾಂಡ್, ಒಂದೇ ಸೀಸನ್‌ನಲ್ಲಿ 40 ಪಂದ್ಯ ಗೆದ್ದವನು. ಅಂಥವರ ವಿರುದ್ಧ ಫೌಲರ್ ತಂಡ 2–1ರಿಂದ ಗೆದ್ದಿತು. ಪ್ರದರ್ಶನ ಪಂದ್ಯ ನಿಜ. ಆದರೂ ಗೆಲುವು ಗೆಲುವೇ ಅಲ್ವಾ?

ಮುಂದಿನ ತಿಂಗಳೇ ಲಿನ್ ಲೈವ್ ಓಕ್ಸ್ ಎಂಬ ವೃತ್ತಿಪರ ತಂಡ ಅವರನ್ನು ಕರೆಸಿಕೊಂಡಿತು. ಎದುರಾಳಿ ಕೆನಡಾದ ಲಂಡನ್ ಟೆಕಮ್ಸೇಸ್. ಪಂದ್ಯ ಪೂರ್ತಿ ಮುಗಿಯಲಿಲ್ಲ. ಹಿಂದೆ ಬಿದ್ದಿದ್ದ ಟೆಕಮ್ಸೇಸ್ ತಂಡದವರು ಅಂಪೈರ್ ಜೊತೆ ಜಗಳ ಆಡಿ ಮೈದಾನ ಬಿಟ್ಟು ಹೋದರು. ಗೆಲುವು ಫೌಲರ್ ಹೆಸರಿಗೆ ಬಂತು.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಆಗ ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. 1867ರಲ್ಲೇ ಹವ್ಯಾಸಿ ಕ್ಲಬ್‌ಗಳ ಸಂಘ, ಕಪ್ಪು ಆಟಗಾರರು ಇರುವ ಕ್ಲಬ್‌ಗಳನ್ನು ಸೇರಿಸಿಕೊಳ್ಳುವುದಿಲ್ಲ ಅಂದಿತ್ತು. ಆ ಸಂಘ ಕೆಲವೇ ವರ್ಷಗಳಲ್ಲಿ ಮುಳುಗಿತು. ಆಮೇಲೆ ಬಂದ ವೃತ್ತಿಪರ ಲೀಗ್‌ಗಳಲ್ಲಿ ಅಂಥ ಬರೆದ ನಿಯಮ ಇರಲಿಲ್ಲ. ದ್ವೇಷ ಧಾರಾಳವಾಗಿ ಇತ್ತು. 1881ರಲ್ಲಿ ಕೆನಡಾದ ಗ್ವೆಲ್ಫ್ ತಂಡ ಫೌಲರ್ ಅವರನ್ನು ಕರೆಸಿಕೊಂಡಿತು. ಅಲ್ಲಿಗೆ ಹೋದ ಮೇಲೆ, ಇವನ ಜೊತೆ ನಾವು ಆಡುವುದಿಲ್ಲ ಅಂತ ತಂಡದವರು ಕೂತರು. ಅದೇ ಹೊತ್ತಿನಲ್ಲಿ ಬೇರೆ ಊರುಗಳು ಅವರನ್ನು ಬಾ ಅಂದವು. ಮಿನ್ನೆಸೋಟದ ಸ್ಟಿಲ್‌ವಾಟರ್. ಅಯೋವಾದ ಕಿಯೋಕಕ್. ಕೊಲರಾಡೋದ ಪ್ಯೂಬ್ಲೋ. ಕ್ಯಾನ್ಸಸ್‌ನ ಟೊಪೀಕ. ಒಂದು ಊರು ತಳ್ಳಿದರೆ ಇನ್ನೊಂದು ಊರು ಕರೆಯುತ್ತಿತ್ತು. ಬಾಗಿಲು ಅರ್ಧ ತೆರೆದಿತ್ತು ಅನ್ನಬಹುದು. ಅಷ್ಟು ಸಂದಿಯಲ್ಲೇ ಈ ಮನುಷ್ಯ ನುಗ್ಗಿ ವರ್ಷಗಟ್ಟಲೆ ಆಡಿದರು. 1885ರ ಕೊನೆಯಲ್ಲಿ ಒಂದು ಕ್ರೀಡಾ ಪತ್ರಿಕೆ ಅವರ ಬಗ್ಗೆ ಬರೆಯಿತು: ಈತನ ಚರ್ಮ ಬೆಳ್ಳಗಿದ್ದಿದ್ದರೆ ಯಾವತ್ತೋ ಒಳ್ಳೆಯ ತಂಡದಲ್ಲಿ ಇರುತ್ತಿದ್ದ, ಇವನಿಗಿಂತ ಒಳ್ಳೆಯ ಸೆಕೆಂಡ್ ಬೇಸ್ ಆಟಗಾರ ದೇಶದಲ್ಲಿಲ್ಲ ಅಂತ ತಿಳಿದವರು ಹೇಳುತ್ತಾರೆ ಅಂತ. ಅಂದರೆ ಎಲ್ಲರಿಗೂ ಗೊತ್ತಿತ್ತು. ಪತ್ರಿಕೆಯಲ್ಲಿ ಅಚ್ಚಾಗುವಷ್ಟು ಬಹಿರಂಗವಾಗಿ ಗೊತ್ತಿತ್ತು.

ಈಗ ಸೆಕೆಂಡ್ ಬೇಸ್ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಜಾಸ್ತಿ ಜನ ಕ್ರಿಕೆಟ್ ನೋಡಿ ಬೆಳೆದವರು. ಬೇಸ್ ಅಂದರೆ ಓಟಗಾರ ಒಂದೊಂದಾಗಿ ಮುಟ್ಟುತ್ತಾ ಹೋಗಬೇಕಾದ ನೆಲೆ. ಬೇಸ್‌ಬಾಲ್‌ನಲ್ಲಿ ಓಟಗಾರ ಮೊದಲ ಬೇಸ್‌ನಿಂದ ಎರಡನೆಯದಕ್ಕೆ ಕದ್ದು ಓಡಬಹುದು. ಕ್ಯಾಚರ್ ಚೆಂಡು ಎಸೆಯುತ್ತಾನೆ. ಸೆಕೆಂಡ್ ಬೇಸ್ ಆಟಗಾರ ಬೇಸ್ ಪಕ್ಕ ನಿಂತು, ಆ ಚೆಂಡು ಹಿಡಿದು, ಬರುತ್ತಿರುವವನಿಗೆ ಮುಟ್ಟಿಸಬೇಕು. ಅವನ ಕಣ್ಣು ಚೆಂಡಿನ ಮೇಲೆ. ಓಟಗಾರ ಪೂರ್ತಿ ವೇಗದಲ್ಲಿ ನೆಲದ ಮೇಲೆ ಜಾರಿಕೊಂಡು, ಕಾಲು ಮುಂದೆ ಮಾಡಿ ಬರುತ್ತಾನೆ. ಅವನ ಬೂಟಿನ ಅಡಿಯಲ್ಲಿ ಲೋಹದ ಮೊಳೆಗಳು. ಬಂದವನಿಗೆ ಬೇಸ್ ಮುಟ್ಟುವ ಆಸೆಗಿಂತ ನಿಮ್ಮ ಕಾಲು ಸೀಳುವ ಆಸೆ ಜಾಸ್ತಿ ಇದ್ದರೆ? ತಪ್ಪಿಸಿಕೊಳ್ಳಲು ಜಾಗವೇ ಇಲ್ಲ.

ಫೌಲರ್ ಮೊಣಕಾಲಿನ ಕೆಳಗೆ ಮರದ ಪಟ್ಟಿ ಕಟ್ಟಿಕೊಂಡು ಆಡಿದರು. ಇದನ್ನು ಹೇಳಿದ್ದು ಅವರ ಗೆಳೆಯರಲ್ಲ. 1889ರಲ್ಲಿ, ಫೌಲರ್ ಆಡಿದ್ದ ಇಂಟರ್‌ನ್ಯಾಷನಲ್ ಲೀಗಿನ ಆಟಗಾರನೊಬ್ಬ ತನ್ನ ಹೆಸರು ಹೊರಗೆ ಹಾಕದೆ ಪತ್ರಿಕೆಗೆ ಹೇಳಿದ್ದು. ಸೆಕೆಂಡ್ ಬೇಸ್‌ಗೆ ಓಡಿ ಬರುವ ಹೆಚ್ಚುಕಡಿಮೆ ಪ್ರತಿಯೊಬ್ಬನೂ ತನ್ನ ಕಾಲಿಗೆ ಗುರಿ ಇಟ್ಟಿದ್ದಾನೆ ಅಂತ ಫೌಲರ್‌ಗೆ ಗೊತ್ತಿತ್ತು ಅಂತ ಅವನು ಹೇಳಿದ. ಬ್ಯಾಟಿಂಗ್‌ಗೆ ನಿಂತರೆ ಅರ್ಧದಷ್ಟು ಪಿಚರ್‌ಗಳು ಕಪ್ಪು ಆಟಗಾರರ ಮೈಗೇ ಚೆಂಡು ಎಸೆಯುತ್ತಾರೆ ಅಂತಲೂ ಹೇಳಿದ. ಆ ಮರದ ಪಟ್ಟಿ ಕಟ್ಟಿಕೊಂಡು ಚೆಂಡಿನ ಹಿಂದೆ ಓಡಬೇಕು, ಬಗ್ಗಬೇಕು, ತಿರುಗಿ ಎಸೆಯಬೇಕು. ದಿನಾ. ಅದರ ಜೊತೆಗೇ ಈ ಮನುಷ್ಯ 1886ರಲ್ಲಿ ಟೊಪೀಕ ತಂಡಕ್ಕೆ ಆಡುತ್ತಾ, ಒಂದೇ ಹೊಡೆತಕ್ಕೆ ಮೂರು ಬೇಸ್ ಓಡುವ ಟ್ರಿಪಲ್‌ಗಳಲ್ಲಿ ಇಡೀ ವೆಸ್ಟರ್ನ್ ಲೀಗ್‌ಗೇ ಮೊದಲಿಗರಾದರು. ಕಾಲು ಎಷ್ಟು ಚುರುಕು ಇದ್ದಿರಬೇಕು ನೋಡಿ.

1887ಕ್ಕೆ ಬರೋಣ. ನಾನು ಈ ಎಪಿಸೋಡ್ ಮಾಡುತ್ತಿರುವುದೇ ಈ ವರ್ಷಕ್ಕಾಗಿ.

ಆ ವರ್ಷ ಇಂಟರ್‌ನ್ಯಾಷನಲ್ ಲೀಗ್‌ನಲ್ಲಿ ಹಲವು ಕಪ್ಪು ಆಟಗಾರರು ಇದ್ದರು. ದೊಡ್ಡ ಲೀಗ್‌ಗಳಿಗಿಂತ ಒಂದೇ ಮೆಟ್ಟಿಲು ಕೆಳಗಿನ ಲೀಗ್ ಇದು. ಬಫಲೋದಲ್ಲಿ ಫ್ರಾಂಕ್ ಗ್ರಾಂಟ್. ಅವರೂ ಸೆಕೆಂಡ್ ಬೇಸ್, ಅದ್ಭುತ ಆಟಗಾರ. ನ್ಯೂವಾರ್ಕ್‌ನಲ್ಲಿ ಪಿಚರ್ ಜಾರ್ಜ್ ಸ್ಟೋವಿ, ಕ್ಯಾಚರ್ ಫ್ಲೀಟ್ ವಾಕರ್. ಸಿರಾಕ್ಯೂಸ್‌ನಲ್ಲಿ ರಾಬರ್ಟ್ ಹಿಗ್ಗಿನ್ಸ್. ಬಿಂಗಮ್‌ಟನ್‌ನಲ್ಲಿ ನಮ್ಮ ಫೌಲರ್ ಮತ್ತು ವಿಲಿಯಂ ರೆನ್‌ಫ್ರೋ. ಫೌಲರ್ 34 ಪಂದ್ಯಗಳಲ್ಲಿ .350 ಸರಾಸರಿಯಲ್ಲಿ ಹೊಡೆದರು. ಬೇಸ್‌ಬಾಲ್‌ನಲ್ಲಿ .300 ದಾಟಿದರೇ ಒಳ್ಳೆಯ ಬ್ಯಾಟರ್ ಅನ್ನುತ್ತಾರೆ. ವಯಸ್ಸು 29. ಆಟ ಪೂರ್ತಿ ಪಕ್ವವಾಗಿದ್ದ ಹೊತ್ತು.

ಆಗ ಸ್ವಂತ ತಂಡದವರೇ ಮಾಲೀಕರಿಗೆ ಟೆಲಿಗ್ರಾಂ ಕಳಿಸಿದರು. ಕಪ್ಪು ಆಟಗಾರರನ್ನು ತೆಗೆಯದಿದ್ದರೆ ನಾವು ಆಡುವುದಿಲ್ಲ ಅಂತ. ಜೂನ್ ಮುಗಿಯುವ ಹೊತ್ತಿಗೆ ಫೌಲರ್ ಅವರನ್ನು ಬಿಟ್ಟುಬಿಟ್ಟರು. ಅದಕ್ಕೂ ಒಂದು ಷರತ್ತು: ಇದೇ ಲೀಗಿನ ಬೇರೆ ಯಾವ ತಂಡಕ್ಕೂ ಸೇರಬಾರದು. .350 ಹೊಡೆಯುತ್ತಿದ್ದವರಿಗೆ!

ಎರಡು ವಾರ ಕಳೆದು ಜುಲೈ 14. ಲೀಗಿನ ಮಾಲೀಕರು ಬಫಲೋದಲ್ಲಿ ಸಭೆ ಸೇರಿದರು. ಇನ್ನು ಮುಂದೆ ಕಪ್ಪು ಆಟಗಾರರ ಹೊಸ ಒಪ್ಪಂದಗಳಿಗೆ ಮಂಜೂರಾತಿ ಕೊಡಬಾರದು ಎಂಬ ಪ್ರಶ್ನೆ ಮತಕ್ಕೆ ಬಂತು. ಹತ್ತು ತಂಡ, ಹತ್ತು ಮತ. ಪರವಾಗಿ ಆರು, ವಿರುದ್ಧ ನಾಲ್ಕು. ಅದೇ ದಿನ ನ್ಯೂವಾರ್ಕ್‌ನಲ್ಲಿ ಶಿಕಾಗೋ ತಂಡದ ನಾಯಕ ಕ್ಯಾಪ್ ಆನ್ಸನ್, ಸ್ಟೋವಿ ಮೈದಾನಕ್ಕೆ ಇಳಿದರೆ ನಮ್ಮ ತಂಡ ಆಡುವುದಿಲ್ಲ ಅಂತ ಹಟ ಹಿಡಿದ. ಸ್ಟೋವಿ ಹೊರಗೆ ಕೂತರು.

ಆರು, ನಾಲ್ಕು. ಈ ಲೆಕ್ಕವನ್ನು ಸ್ವಲ್ಪ ಯೋಚಿಸಿ. ಒಬ್ಬ ಮಾಲೀಕ ಮನಸ್ಸು ಬದಲಿಸಿದ್ದರೆ ಐದು, ಐದು. ಇಬ್ಬರು ಬದಲಿಸಿದ್ದರೆ ಆ ನಿರ್ಣಯ ಬಿದ್ದೇ ಹೋಗುತ್ತಿತ್ತು. ಕಾಲ ಹಾಗಿತ್ತು ಅನ್ನುವವರು ಆ ನಾಲ್ಕು ಜನ ಯಾವ ಕಾಲದವರು ಅಂತ ಹೇಳಬೇಕು. ಅವರೂ 1887ರಲ್ಲೇ ಬದುಕಿದ್ದರು, ಅದೇ ಪತ್ರಿಕೆ ಓದುತ್ತಿದ್ದರು, ಅದೇ ಟಿಕೆಟ್ ಹಣ ಎಣಿಸುತ್ತಿದ್ದರು. ಅವರ ಹೃದಯ ದೊಡ್ಡದಿತ್ತು ಅಂತಲೂ ನಾನು ಹೇಳುವುದಿಲ್ಲ. ತಮ್ಮ ತಂಡದ ಒಳ್ಳೆಯ ಆಟಗಾರ ಉಳಿಯಲಿ ಅನ್ನುವ ಸ್ವಾರ್ಥವೂ ಇದ್ದಿರಬಹುದು. ಇದ್ದರೆ ಇರಲಿ. ಬೇಡ ಅನ್ನುವುದು ಸಾಧ್ಯವಿತ್ತು, ಅವರು ಬೇಡ ಅಂದರು. ಉಳಿದ ಆರು ಮಂದಿಗೂ ಅದೇ ಅವಕಾಶ ಇತ್ತು. ತಪ್ಪನ್ನು ಕಾಲದ ತಲೆಗೆ ಕಟ್ಟಿದರೆ ಆ ಆರು ಮಂದಿ ಸಲೀಸಾಗಿ ಜಾರಿಕೊಳ್ಳುತ್ತಾರೆ.

ಆಮೇಲೆ ಇದು ಒಂದೊಂದೇ ಲೀಗ್‌ಗೆ ಹರಡಿತು. ಹೆಚ್ಚಿನ ಕಡೆ ಬರೆದು ಹಾಕಬೇಕಾಗಲಿಲ್ಲ. ದೊಡ್ಡವರು ತಮ್ಮ ತಮ್ಮಲ್ಲೇ ಒಪ್ಪಿಕೊಂಡರೆ ಸಾಕಿತ್ತು.

ಫೌಲರ್ ಮಾತ್ರ ಆಟ ಬಿಡಲಿಲ್ಲ. ಇಂಡಿಯಾನ, ನ್ಯೂ ಮೆಕ್ಸಿಕೋ, ಮಿಷಿಗನ್, ಇಲಿನಾಯ್, ನೆಬ್ರಾಸ್ಕ. ಎಲ್ಲಿ ಸಣ್ಣ ಲೀಗ್ ಇದೆಯೋ ಅಲ್ಲಿಗೆ ಹೋದರು. ಲೀಗ್ ಮುಳುಗಿದರೆ ಮುಂದಿನ ಊರು. 1895ರಲ್ಲಿ ಬಾಗಿಲು ಪೂರ್ತಿ ಮುಚ್ಚುತ್ತಿದೆ ಅಂತ ಕಂಡಾಗ, ತಾವೇ ಒಂದು ತಂಡ ಕಟ್ಟಿದರು. ಜೊತೆಗೆ ನಿಂತವರು ಗ್ರಾಂಟ್ ಜಾನ್ಸನ್ ಎಂಬ ಯುವ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಆಟಗಾರ. ಮಿಷಿಗನ್ ರಾಜ್ಯದ ಏಡ್ರಿಯನ್ ಊರಿನಲ್ಲಿ ತಂತಿ ಬೇಲಿ ಮಾಡುವ ಪೇಜ್ ಕಂಪನಿ ಹಣ ಹಾಕಿತು. ತಂಡದ ಹೆಸರು ಪೇಜ್ ಫೆನ್ಸ್ ಜೈಂಟ್ಸ್. ಅವರಿಗೆ ಸ್ವಂತ ರೈಲು ಬೋಗಿ ಇತ್ತು. ಊಟ, ನಿದ್ದೆ ಎಲ್ಲ ಅದರಲ್ಲೇ. ಕೇಳಲು ರಾಜವೈಭವ ಅನ್ನಿಸುತ್ತದೆ. ಆದರೆ ಎಷ್ಟೋ ಊರುಗಳ ಹೋಟೆಲ್‌ಗಳು ಇವರಿಗೆ ರೂಮು ಕೊಡುತ್ತಿರಲಿಲ್ಲ, ಬೋಗಿ ಇಲ್ಲದಿದ್ದರೆ ಮಲಗಲು ಜಾಗವೇ ಇಲ್ಲ. ಊರಿಗೆ ಬಂದ ಕೂಡಲೇ ಆಟಗಾರರೆಲ್ಲ ಸೈಕಲ್ ಹತ್ತಿ ಬೀದಿಯಲ್ಲಿ ಮೆರವಣಿಗೆ ಹೊರಡುತ್ತಿದ್ದರು. ಜನ ಹಿಂದೆ ಹಿಂದೆಯೇ ಮೈದಾನಕ್ಕೆ ಬರುತ್ತಿದ್ದರು. ಪ್ರಚಾರ ಅಂದರೆ ಏನು ಅಂತ ಫೌಲರ್‌ಗೆ ಚೆನ್ನಾಗಿ ಗೊತ್ತಿತ್ತು.

ಅದೇ ವರ್ಷ ಅವರು ಒಂದು ಪತ್ರಿಕೆಗೆ ಹೇಳಿದ ಮಾತು ನನ್ನನ್ನು ಬಿಡುವುದಿಲ್ಲ. ನನ್ನ ಚರ್ಮವೇ ನನಗೆ ಅಡ್ಡ, ಇಷ್ಟು ಕಪ್ಪಗೆ ಇಲ್ಲದಿದ್ದರೆ ಸ್ಪೇನ್ ದೇಶದವನು ಅಂತ ಹೇಳಿಕೊಂಡಾದರೂ ಎಲ್ಲೋ ಸೇರಿಕೊಳ್ಳುತ್ತಿದ್ದೆ ಅಂದರು. ಆ ವರ್ಷವೇ ಅವರು ಬಿಳಿಯರ ಲೀಗ್‌ನಲ್ಲಿ ಕೊನೆಯ ಸಲ ಆಡಿದ್ದು. ಸಂಘಟಿತ ಲೀಗ್‌ಗಳಲ್ಲಿ ಹತ್ತು ಸೀಸನ್ ಆಡಿದ್ದರು. ಇನ್ನೊಬ್ಬ ಕಪ್ಪು ಆಟಗಾರ ಅಷ್ಟು ಆಡಲು ಜಾಕಿ ರಾಬಿನ್ಸನ್ ಕಾಲದವರೆಗೆ ಕಾಯಬೇಕಾಯಿತು.

ರಾಬಿನ್ಸನ್ ಡಾಡ್ಜರ್ಸ್‌ಗೆ ಹೋಗುವ ಹಿಂದಿನ ವರ್ಷ ಎಲ್ಲಿ ಆಡಿದರು ಗೊತ್ತಾ? 1946ರ ಏಪ್ರಿಲ್ 18, ಜರ್ಸಿ ಸಿಟಿ, ಮಾಂಟ್ರಿಯಲ್ ರಾಯಲ್ಸ್ ತಂಡ. ಲೀಗ್ ಯಾವುದು? ಇಂಟರ್‌ನ್ಯಾಷನಲ್ ಲೀಗ್. ಆಡಿದ ಜಾಗ? ಸೆಕೆಂಡ್ ಬೇಸ್. ಫೌಲರ್ ಅವರನ್ನು ಹೊರಗೆ ಹಾಕಿದ ಲೀಗಿನಲ್ಲೇ, ಅವರು ನಿಂತ ಜಾಗದಲ್ಲೇ, 59 ವರ್ಷ ಆದ ಮೇಲೆ. ರಾಬಿನ್ಸನ್ ಕಥೆಯನ್ನು ಶಾಲೆಗಳಲ್ಲಿ ಹೇಳುವಾಗ ಈ ಎರಡು ವಾಕ್ಯ ಸೇರಿಸಿದರೆ ಸಾಕು, ಮಕ್ಕಳಿಗೆ ಪೂರ್ತಿ ಚಿತ್ರ ಸಿಗುತ್ತದೆ.

ಫೌಲರ್ ಇದನ್ನು ನೋಡಲಿಲ್ಲ. 1913ರ ಫೆಬ್ರವರಿ 26ರಂದು ನ್ಯೂಯಾರ್ಕ್ ರಾಜ್ಯದ ಫ್ರಾಂಕ್‌ಫರ್ಟ್‌ನಲ್ಲಿ, ಅಕ್ಕರೆಯಿಂದ ನೋಡಿಕೊಂಡ ಸೋದರಿಯ ಮನೆಯಲ್ಲಿ ತೀರಿಕೊಂಡರು. ಕೈಯಲ್ಲಿ ಕಾಸಿರಲಿಲ್ಲ. ಅವರ ಸಹಾಯಕ್ಕೆ ಪಂದ್ಯ ಆಡಿಸುವ ಪ್ರಯತ್ನಗಳೂ ಕೈಗೂಡಲಿಲ್ಲ. ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. ಬೇಸ್‌ಬಾಲ್ ಚರಿತ್ರೆ ಹುಡುಕುವ ಸಂಶೋಧಕರ ಸಂಘ 1987ರಲ್ಲಿ ಆ ಕಲ್ಲು ಇಟ್ಟಿತು. 2013ರಲ್ಲಿ ಕೂಪರ್ಸ್‌ಟೌನ್ ಒಂದು ರಸ್ತೆಗೆ ಅವರ ಹೆಸರಿಟ್ಟಿತು. 2022ರ ಜುಲೈ 24ರಂದು ಹಾಲ್ ಆಫ್ ಫೇಮ್‌ಗೆ ಸೇರಿದರು. ಫ್ರಾಂಕ್ ಗ್ರಾಂಟ್ 2006ರಲ್ಲೇ ಸೇರಿದ್ದರು.

ಜಾರ್ಜ್ ಸ್ಟೋವಿ ಇನ್ನೂ ಸೇರಿಲ್ಲ. ಆ 1887ರಲ್ಲೇ 30ಕ್ಕೂ ಹೆಚ್ಚು ಪಂದ್ಯ ಗೆದ್ದ ಪಿಚರ್ ಅವರು. ಫ್ಲೀಟ್ ವಾಕರ್ ಕೂಡ ಸೇರಿಲ್ಲ. 1884ರಲ್ಲೇ ಟೊಲೀಡೋ ತಂಡದಲ್ಲಿ ದೊಡ್ಡ ಲೀಗ್ ಆಡಿದವರು ಅವರು. ಅಂಕಿ ಅಂಶ ಸಾಲದು, ಆಡಿದ ವರ್ಷ ಕಡಿಮೆ ಅನ್ನುವ ವಾದ ಬರಬಹುದು. ಆದರೆ ಆ ವರ್ಷಗಳನ್ನು ಕಡಿಮೆ ಮಾಡಿದ್ದೇ ಈ ಆಟ ನಡೆಸಿದವರು. ಅವರು ಕಸಿದುಕೊಂಡ ವರ್ಷಗಳನ್ನೇ ಇವರ ಕೊರತೆ ಅಂತ ಲೆಕ್ಕ ಹಿಡಿಯಬಾರದು. ಹಳೆಯ ಕಾಲದ ಆಟಗಾರರನ್ನು ಆರಿಸುವ ಸಮಿತಿ ಮುಂದಿನ ಸಲ ಕೂತಾಗ, ಮೊದಲು ಸ್ಟೋವಿ ಹೆಸರನ್ನು, ಆಮೇಲೆ ವಾಕರ್ ಹೆಸರನ್ನು ಮೇಜಿನ ಮೇಲೆ ಇಡಬೇಕು.