ಹೊಸಬರ ಸಂಬಳ, ಹಳಬರ ಬೆಲೆ

ಅಧ್ಯಕ್ಷರೇ, ಸಿಯಾಟಲ್ ಸುತ್ತಮುತ್ತಲಿನಿಂದ ಬಂದಿರುವ ಆತ್ಮೀಯ ಕನ್ನಡ ಬಂಧುಗಳೇ,

ಕಳೆದ ಮಂಗಳವಾರ, 2025ರ ಆಗಸ್ಟ್ 26ರಂದು, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಒಂದು ಗಂಟೆಯೊಳಗೆ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳೂ ತಮ್ಮ ಪಟ್ಟಿಯನ್ನು 90 ಆಟಗಾರರಿಂದ 53ಕ್ಕೆ ಇಳಿಸಬೇಕಾಗಿತ್ತು. ಅಂದರೆ ಕೆಲವೇ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಪಟ್ಟಿಯಿಂದ ಹೊರಬಿದ್ದರು. ಅವರಲ್ಲಿ ಹಲವರು ಮರುದಿನವೇ ಅಭ್ಯಾಸ ತಂಡಗಳಿಗೆ ಮರಳಿರುತ್ತಾರೆ, ನಿಜ. ಆದರೆ ಎಂಟು ಹತ್ತು ವರ್ಷ ಆಡಿದವರಿಗೆ ಆ ಕರೆ ಅಷ್ಟು ಸುಲಭವಾಗಿ ಬರುವುದಿಲ್ಲ. ಅಂದು ಸಂಜೆ ಬೆಲ್‌ವ್ಯೂನ ಗೆಳೆಯರೊಬ್ಬರ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ, ಒಬ್ಬ ಹಿರಿಯ ಆಟಗಾರನ ಸಂಬಳದಲ್ಲಿ ಮೂವರು ಹೊಸಬರು ಬರುತ್ತಾರೆ, ಹಾಗಿರುವಾಗ ಹಿರಿಯನನ್ನು ಇಟ್ಟುಕೊಳ್ಳುವುದು ದಡ್ಡತನವಲ್ಲವೇ ಎಂಬ ಮಾತು ಬಂತು. ಅದಕ್ಕೆ ನಾನು ಕೊಟ್ಟ ಉತ್ತರ ಅರ್ಧಕ್ಕೇ ನಿಂತುಹೋಯಿತು. ಉಳಿದರ್ಧವನ್ನು ಹೇಳಲು ಇಂದು ನೀವು ನನಗೆ ನಲವತ್ತು ನಿಮಿಷ ಕೊಟ್ಟಿದ್ದೀರಿ.

ನಾನು ಹೇಳಬೇಕಾಗಿರುವುದು ಒಂದೇ ಸಂಗತಿ. ಹೊಸಬನ ಅಗ್ಗದ ಸಂಬಳ ಮಾರುಕಟ್ಟೆ ಕಟ್ಟಿದ ಬೆಲೆಯಲ್ಲ, ಅದು ನಿಯಮ ಕಟ್ಟಿದ ಬೆಲೆ. ಹಾಗೆ ನಿಯಮದಿಂದ ತಗ್ಗಿಸಿದ ಅಂಕಿಯನ್ನು ಅಳತೆಗೋಲಾಗಿ ಹಿಡಿದು ಹಿರಿಯನನ್ನು ಅಳೆದರೆ, ಯಾವ ಹಿರಿಯನೂ ದುಬಾರಿಯಾಗಿಯೇ ಕಾಣುತ್ತಾನೆ. ಈ ಮಾತನ್ನು ನಾನು ಇಂದು ಮತ್ತೆ ಮತ್ತೆ ಹೇಳುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

ಹೊಸಬರ ಸಂಬಳಕ್ಕೆ ಮಿತಿ ಹಾಕುವ ಈ ನಿಯಮ ಹುಟ್ಟಿದ್ದು 2011ರಲ್ಲಿ. ಅದಕ್ಕೆ ಮೊದಲು ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆ ಅದು) ಮೊದಲ ಸಾಲಿನ ಹುಡುಗರು ಒಂದು ಪಂದ್ಯವನ್ನೂ ಆಡದೆ, ಹತ್ತು ವರ್ಷ ಮೈ ನುಗ್ಗಾಗಿಸಿಕೊಂಡವರಿಗಿಂತ ಹೆಚ್ಚು ಹಣಕ್ಕೆ ಸಹಿ ಹಾಕುತ್ತಿದ್ದರು. 2007ರಲ್ಲಿ ಓಕ್‌ಲ್ಯಾಂಡ್ ತಂಡ ಮೊದಲನೆಯವರಾಗಿ ಆರಿಸಿದ ಜಮಾರ್ಕಸ್ ರಸೆಲ್, ಅಭ್ಯಾಸ ಶಿಬಿರವನ್ನೆಲ್ಲ ತಪ್ಪಿಸಿಕೊಂಡು ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದರು. ಮೂರು ಕೋಟಿ ಡಾಲರಿಗೂ ಹೆಚ್ಚಿನ ಮೊತ್ತ ಖಾತರಿಯಾಗಿತ್ತು. 2010ರ ಮೇ ತಿಂಗಳಲ್ಲಿ ತಂಡ ಅವರನ್ನು ಕೈಬಿಟ್ಟಿತು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಅಂಥ ಒಪ್ಪಂದ ಅದು. 2010ರ ಮೊದಲ ಆಯ್ಕೆ ಸ್ಯಾಮ್ ಬ್ರಾಡ್‌ಫರ್ಡ್ ಅವರದು ಆರು ವರ್ಷಕ್ಕೆ 7 ಕೋಟಿ 80 ಲಕ್ಷ ಡಾಲರಿನ ಒಪ್ಪಂದ, ಅದರಲ್ಲಿ 5 ಕೋಟಿ ಖಾತರಿ. ಮರುವರ್ಷ, ಮಾಲೀಕರ ಬೀಗಮುದ್ರೆ ಮುಗಿದು ಆಟಗಾರರ ಸಂಘದೊಡನೆ ಹೊಸ ಕರಾರು ಜಾರಿಯಾದ ಮೇಲೆ, ಅದೇ ಮೊದಲ ಸ್ಥಾನದಲ್ಲಿ ಆಯ್ಕೆಯಾದ ಕ್ಯಾಮ್ ನ್ಯೂಟನ್ ಅವರಿಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ 2 ಕೋಟಿ 20 ಲಕ್ಷ. ಒಂದು ವರ್ಷದಲ್ಲಿ ನ್ಯೂಟನ್ ಅವರ ತೋಳಿನ ಬಲ ಬ್ರಾಡ್‌ಫರ್ಡ್ ಅವರದಕ್ಕಿಂತ ಕಡಿಮೆಯಾಗಿರಲಿಲ್ಲ. ಬದಲಾಗಿದ್ದು ನಿಯಮ ಮಾತ್ರ. ಆಗ ಮಾಲೀಕರೂ ಆಟಗಾರರ ಸಂಘವೂ ಹೇಳಿದ ಸಮರ್ಥನೆ ಒಂದೇ: ಏನನ್ನೂ ಸಾಧಿಸದ ಹೊಸಬರಿಂದ ಉಳಿಸಿದ ಹಣ, ಸಾಧಿಸಿ ತೋರಿಸಿದ ಹಿರಿಯರಿಗೆ ಸೇರಬೇಕು. ಈ ಭರವಸೆಯನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಅದನ್ನು ನೀಡಿದವರು ಬೇಗನೆ ಮರೆತರು.

ಹೊಸ ನಿಯಮದಲ್ಲಿ ಇನ್ನೊಂದು ಬಿಗಿ ಗಂಟು ಇದೆ. ಡ್ರಾಫ್ಟ್ ಆದ ಆಟಗಾರನ ಒಪ್ಪಂದವನ್ನು ಮೂರನೆಯ ಋತು ಮುಗಿಯುವವರೆಗೆ ತಿದ್ದುವಂತಿಲ್ಲ. ತಂಡವೇ ಮನಸ್ಸು ಮಾಡಿ ಹೆಚ್ಚು ಕೊಡುತ್ತೇನೆಂದರೂ ಕೊಡುವಂತಿಲ್ಲ. ಇದರ ಫಲ ಉಂಡವರು ಬೇರೆ ಯಾರೂ ಅಲ್ಲ, ನಮ್ಮ ಸಿಯಾಟಲ್ ತಂಡ ಸೀಹಾಕ್ಸ್. 2012ರಲ್ಲಿ ಮೂರನೆಯ ಸುತ್ತಿನಲ್ಲಿ, 75ನೆಯವರಾಗಿ ಬಂದ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಅವರ 2013ರ ಮೂಲ ಸಂಬಳ 5 ಲಕ್ಷ 26 ಸಾವಿರ ಡಾಲರ್. ಅದೇ ವರ್ಷ ಬಾಲ್ಟಿಮೋರ್‌ನ ಕ್ವಾರ್ಟರ್‌ಬ್ಯಾಕ್ ಜೋ ಫ್ಲ್ಯಾಕೊ ಆರು ವರ್ಷಕ್ಕೆ 12 ಕೋಟಿ 6 ಲಕ್ಷದ ಒಪ್ಪಂದಕ್ಕೆ ಸಹಿ ಹಾಕಿದ್ದರು. ರಕ್ಷಣೆಯಲ್ಲಿ ರಿಚರ್ಡ್ ಶರ್ಮನ್ ಐದನೆಯ ಸುತ್ತಿನವರು, ಕ್ಯಾಮ್ ಚಾನ್ಸಲರ್ ಕೂಡ ಐದನೆಯ ಸುತ್ತಿನವರು. ಇವರೆಲ್ಲ ಅಗ್ಗವಾಗಿದ್ದರಿಂದ ಉಳಿದ ಹಣದಲ್ಲೇ ಮೈಕಲ್ ಬೆನೆಟ್, ಕ್ಲಿಫ್ ಏವ್ರಿಲ್ ಅವರಂತಹ ಅನುಭವಿಗಳನ್ನು ತರಲು ಸಾಧ್ಯವಾಯಿತು. 2014ರ ಫೆಬ್ರವರಿಯಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಡೆನ್ವರ್ ವಿರುದ್ಧ 43–8 ಗೆಲುವು. ಆ ರಾತ್ರಿ ಈ ಸಭಾಂಗಣದಲ್ಲಿರುವ ಯಾರು ನಿದ್ದೆ ಮಾಡಿದ್ದರು ಹೇಳಿ!

ನೋಡಿ, ಆ ತಂಡವನ್ನು ಹೊಸಬರು ಗೆಲ್ಲಿಸಿದರು ಎನ್ನುವುದೂ ಸರಿಯಲ್ಲ, ಹಿರಿಯರು ಗೆಲ್ಲಿಸಿದರು ಎನ್ನುವುದೂ ಸರಿಯಲ್ಲ. ಹೊಸಬರಿಗೆ ಸಲ್ಲಬೇಕಾಗಿದ್ದ ಹಣ ಹಿರಿಯರನ್ನು ತಂದಿತು. ಚರ್ಚೆಗೆ ಕೂರುವಾಗ ನಾವು ಬಿಟ್ಟುಬಿಡುವ ಕೊಂಡಿ ಇದೇ.

ಈಗ ಗ್ಲೆಂಡೇಲ್‌ಗೆ ಬರುತ್ತೇನೆ. ಅರಿಜೋನಾದ ಆ ಕ್ರೀಡಾಂಗಣದ ಬಗ್ಗೆ ನಾನು ಮಾತಾಡಲು ತೊಡಗಿದರೆ ನಿಲ್ಲಿಸುವುದಿಲ್ಲ ಎಂದು ನನ್ನ ಮನೆಯವರು ಬರುವಾಗಲೇ ಎಚ್ಚರಿಸಿದ್ದಾರೆ. ಆದರೂ ಅದನ್ನು ಬಿಟ್ಟು ಈ ವಿಷಯ ನನಗೆ ಹೇಳಲು ಬಾರದು.

2015ರ ಫೆಬ್ರವರಿ 1ರಂದು ಅದೇ ಅಂಗಳದಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ, ಗೆಲುವಿಗೆ ಒಂದೇ ಗಜ ಬಾಕಿಯಿದ್ದಾಗ, ವಿಲ್ಸನ್ ಎಸೆದ ಚೆಂಡನ್ನು ನ್ಯೂ ಇಂಗ್ಲೆಂಡ್‌ನ ಮಾಲ್ಕಮ್ ಬಟ್ಲರ್ ಹಿಡಿದರು. ಅವರು ಡ್ರಾಫ್ಟ್‌ನ ಏಳು ಸುತ್ತುಗಳಲ್ಲಿ ಯಾರೂ ಆರಿಸದ, ಮೊದಲ ವರ್ಷದ ಹುಡುಗ. ಹೊಸಬರ ಪರ ವಾದಿಸುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ, ಅದನ್ನು ನಾನು ಒಪ್ಪುತ್ತೇನೆ. 2017ರ ನವೆಂಬರ್ 9ರಂದು ಅಲ್ಲಿಯೇ ಶರ್ಮನ್ ಅವರ ಅಕಿಲೀಸ್ ಸ್ನಾಯುರಜ್ಜು ಹರಿಯಿತು. ಅದೇ ಪಂದ್ಯದಲ್ಲಿ ಚಾನ್ಸಲರ್ ಅವರ ಕುತ್ತಿಗೆಗೆ ಪೆಟ್ಟಾಯಿತು. ಇಬ್ಬರೂ ಸೀಹಾಕ್ಸ್ ಅಂಗಿಯಲ್ಲಿ ಮತ್ತೆ ಆಡಲಿಲ್ಲ. ಚಾನ್ಸಲರ್ ಆ ಆಗಸ್ಟ್‌ನಲ್ಲಷ್ಟೇ ಮೂರು ವರ್ಷಕ್ಕೆ 3 ಕೋಟಿ 60 ಲಕ್ಷದ ಹೊಸ ಒಪ್ಪಂದಕ್ಕೆ ಸಹಿ ಹಾಕಿದ್ದರು. ತಂಡದ ಆಡಳಿತದವರ ಭಯ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಈ ಸಂಗತಿಯನ್ನು ಮರೆಯಬಾರದು.

ಆ ರಕ್ಷಣಾ ಸಾಲಿನಲ್ಲಿ ಉಳಿದವರು ಅರ್ಲ್ ಥಾಮಸ್. 2018ರಲ್ಲಿ ಅವರ ಒಪ್ಪಂದದ ಕೊನೆಯ ವರ್ಷ, ಸಂಬಳ 85 ಲಕ್ಷ ಡಾಲರ್. ಒಪ್ಪಂದವನ್ನು ಮುಂದುವರಿಸಿ, ಇಲ್ಲವೇ ಬೇರೆ ತಂಡಕ್ಕೆ ಕಳುಹಿಸಿ ಎಂದು ಕೇಳುತ್ತ ಶಿಬಿರದಿಂದ ದೂರ ಉಳಿದ ಅವರು, ಋತುವಿನ ಮೊದಲ ಪಂದ್ಯಕ್ಕೆ ಕೆಲವೇ ದಿನ ಮೊದಲು ಮರಳಿದರು. ನಾಲ್ಕು ಪಂದ್ಯಗಳಲ್ಲಿ ಎದುರಾಳಿಗಳ ಮೂರು ಎಸೆತಗಳನ್ನು ಕಸಿದುಕೊಂಡರು. ಸೆಪ್ಟೆಂಬರ್ 30ರಂದು ನಾಲ್ಕನೆಯ ಪಂದ್ಯ, ಗ್ಲೆಂಡೇಲ್‌ನಲ್ಲಿ. ನಮ್ಮ ಮನೆಯಲ್ಲಿ ಆಗ ಹನ್ನೊಂದರ ಹುಡುಗನಾಗಿದ್ದ ಮಗ 29ನೆಯ ಸಂಖ್ಯೆಯ ಅಂಗಿ ತೊಟ್ಟು ಟಿವಿಯ ಮುಂದೆ ಕುಳಿತಿದ್ದ. ಕೊನೆಯ ಭಾಗದಲ್ಲಿ ಥಾಮಸ್ ಅವರ ಕಾಲು ಮುರಿಯಿತು. ಗಾಡಿಯ ಮೇಲೆ ಕೂರಿಸಿ ಹೊರಗೆ ಕರೆದೊಯ್ಯುವಾಗ ಅವರು ಎದುರಾಳಿಗಳ ಕಡೆಗಲ್ಲ, ತಮ್ಮದೇ ತಂಡದವರು ನಿಂತಿದ್ದ ಸಾಲಿನ ಕಡೆಗೆ ನಡುಬೆರಳು ಎತ್ತಿ ತೋರಿಸಿದರು. "ಅಪ್ಪಾ, ಅವರಿಗೆ ಯಾರ ಮೇಲೆ ಸಿಟ್ಟು?" ಎಂದು ಮಗ ಕೇಳಿದ. ಏಳು ವರ್ಷ ಕಳೆದರೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಆ ವಾರವೆಲ್ಲ ಊರಿನಲ್ಲಿ ಎರಡು ಮಾತು ಕೇಳಿಬಂದವು. ಕಾಲು ಮುರಿದದ್ದೇ ಒಪ್ಪಂದ ಮುಂದುವರಿಸದ ತಂಡದ ನಿರ್ಧಾರ ಸರಿಯಾಗಿತ್ತು ಎಂಬುದಕ್ಕೆ ಸಾಕ್ಷಿ ಎಂದರು ಕೆಲವರು. ಕಾಲು ಮುರಿದದ್ದೇ ಥಾಮಸ್ ಕೇಳಿದ್ದು ಸರಿಯಾಗಿತ್ತು ಎಂಬುದಕ್ಕೆ ಸಾಕ್ಷಿ ಎಂದರು ಇನ್ನು ಕೆಲವರು. ನಾನು ಎರಡನೆಯವರ ಜೊತೆಗಿದ್ದೆ, ಇಂದಿಗೂ ಇದ್ದೇನೆ. 2019ರಲ್ಲಿ ಬಾಲ್ಟಿಮೋರ್ ಅವರಿಗೆ ನಾಲ್ಕು ವರ್ಷಕ್ಕೆ 5 ಕೋಟಿ 50 ಲಕ್ಷ ಕೊಟ್ಟಿತು; 2020ರ ಆಗಸ್ಟ್‌ನಲ್ಲಿ ಅಭ್ಯಾಸದ ವೇಳೆ ಸಹ ಆಟಗಾರನೊಡನೆ ನಡೆದ ಜಗಳದ ನಂತರ ಅದೇ ತಂಡ ಅವರನ್ನು ಬಿಟ್ಟುಬಿಟ್ಟಿತು. ಎದುರು ವಾದದವರು ಇದನ್ನು ಎತ್ತುತ್ತಾರೆ, ಎತ್ತಲಿ. ನನ್ನ ಪ್ರಶ್ನೆ ಥಾಮಸ್ ಅವರ ಸ್ವಭಾವದ್ದಲ್ಲ. 2012ರಿಂದ 2015ರವರೆಗೆ ಸತತ ನಾಲ್ಕು ವರ್ಷ ಲೀಗ್‌ನಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ರಕ್ಷಣೆಯ ನಡುಕಂಬವಾಗಿದ್ದವರು, ಮುಂದಿನ ವರ್ಷದ ಭದ್ರತೆ ಕೇಳಿದಾಗ ದುರಾಸೆಯವರು ಎನಿಸಿಕೊಂಡರಲ್ಲ, ಆ ಮಾತು ನಮ್ಮ ಬಾಯಿಗೆ ಹೇಗೆ ಬಂತು ಎಂಬುದು ನನ್ನ ಪ್ರಶ್ನೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಜನ ನಾವಾಗಬಾರದಿತ್ತು.

ಚಾನ್ಸಲರ್ ವಿಷಯದಲ್ಲಿ ಲೆಕ್ಕ ಇನ್ನೂ ನೇರವಾಗಿತ್ತು. 2015ರಲ್ಲಿ ಒಪ್ಪಂದದ ತಕರಾರಿನಿಂದ ಅವರು ಮೊದಲ ಎರಡು ಪಂದ್ಯಗಳಿಗೆ ಬರಲಿಲ್ಲ. ಸೀಹಾಕ್ಸ್ ಎರಡನ್ನೂ ಸೋತಿತು. ಮೂರನೆಯದಕ್ಕೆ ಬಂದರು, ಶಿಕಾಗೊ ವಿರುದ್ಧ 26–0. ಒಬ್ಬನೇ ಮನುಷ್ಯ ಪಂದ್ಯ ಗೆಲ್ಲಿಸುತ್ತಾನೆ ಎಂದು ನಾನು ಹೇಳುತ್ತಿಲ್ಲ. ಎದುರು ತಂಡ ಏನು ಮಾಡಲಿದೆ ಎಂಬುದನ್ನು ಚೆಂಡು ಅಲುಗುವ ಮೊದಲೇ ಗುರುತಿಸಿ ಉಳಿದ ಹತ್ತು ಜನರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವವನ ಕೆಲಸ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು 2011ರ ಆ ಭರವಸೆ ಏನಾಯಿತು? ಆ ವರ್ಷ ಒಂದು ತಂಡದ ಸ್ಯಾಲರಿ ಕ್ಯಾಪ್, ಅಂದರೆ ಆಟಗಾರರ ಸಂಬಳಕ್ಕೆ ಒಟ್ಟು ಖರ್ಚು ಮಾಡಬಹುದಾದ ಮಿತಿ, ಸುಮಾರು 12 ಕೋಟಿ ಡಾಲರ್ ಇತ್ತು. 2025ರಲ್ಲಿ 27 ಕೋಟಿ 92 ಲಕ್ಷ. ಹಣ ಇಷ್ಟು ಬೆಳೆದರೂ ಅದು ಮೇಲಿನ ಕೆಲವರ ಬಳಿ ನಿಂತಿತು. ಡಲ್ಲಾಸ್‌ನ ಡ್ಯಾಕ್ ಪ್ರೆಸ್ಕಾಟ್ ಅವರ ಒಪ್ಪಂದ ವರ್ಷಕ್ಕೆ 6 ಕೋಟಿ ಡಾಲರಿನದು. ಕೆಳಗೆ ಕಡಿಮೆ ಸಂಬಳದ ಹೊಸಬರ ದೊಡ್ಡ ಸಾಲು. ನಡುವೆ ಇದ್ದ, ತಾರೆಯಲ್ಲದಿದ್ದರೂ ಗಟ್ಟಿಯಾಗಿ ಆಡುವ ಏಳೆಂಟು ವರ್ಷದ ಅನುಭವಿಯ ಜಾಗ ಕಿರಿದಾಗುತ್ತ ಬಂತು. ಕರಾರು ಬರೆದವರಿಗೂ ಇದು ಗೊತ್ತು. ಅದಕ್ಕಾಗಿಯೇ ಒಂದು ವಿಶೇಷ ಅವಕಾಶವನ್ನೂ ಅದರಲ್ಲಿ ಸೇರಿಸಿದ್ದಾರೆ. 2025ರಲ್ಲಿ ಹೊಸಬನ ಕನಿಷ್ಠ ಸಂಬಳ 8 ಲಕ್ಷ 40 ಸಾವಿರ, ಏಳು ವರ್ಷ ಪೂರೈಸಿದವನ ಕನಿಷ್ಠ ಸಂಬಳ 12 ಲಕ್ಷ 55 ಸಾವಿರ. ಅಂಥ ಹಿರಿಯ ಕನಿಷ್ಠ ಸಂಬಳಕ್ಕೆ ಒಂದು ವರ್ಷದ ಮಟ್ಟಿಗೆ ಒಪ್ಪಿ ಬಂದರೆ ತಂಡದ ಕ್ಯಾಪ್ ಲೆಕ್ಕದಲ್ಲಿ ಅವನು ಎರಡು ವರ್ಷದ ಆಟಗಾರನಂತೆ, ಅಂದರೆ 10 ಲಕ್ಷ 30 ಸಾವಿರವಾಗಿ ಮಾತ್ರ ಬರೆಯಲ್ಪಡುತ್ತಾನೆ. ಹಿರಿತನವೇ ಹೊರೆಯಾಗದಿರಲಿ ಎಂದು ಮಾಡಿದ ಏರ್ಪಾಡು ಇದು, ಒಳ್ಳೆಯದೇ. ಆದರೆ ಇಂಥ ಏರ್ಪಾಡು ಬೇಕಾಯಿತು ಎಂಬುದೇ ಉಳಿದ ಕಥೆಯನ್ನು ಹೇಳುತ್ತದೆ.

ಇಲ್ಲಿ ಕುಳಿತಿರುವ ಅನೇಕರು ಕಂಪ್ಯೂಟರ್ ಉದ್ಯಮದವರು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ಹದಿನೆಂಟು ವರ್ಷದ ಅನುಭವವಿದ್ದ ಸಹೋದ್ಯೋಗಿಯೊಬ್ಬರನ್ನು ಇದೇ ಲೆಕ್ಕ ಹೇಳಿ ಮನೆಗೆ ಕಳುಹಿಸಿದರು. ಆಗ ನಮಗೆಲ್ಲ ಅದು ಅನ್ಯಾಯವೆನಿಸಿತು. ಆಟದ ಮಾತು ಬಂದಾಗ ಮಾತ್ರ ನಾವು ಮಾಲೀಕರ ಕುರ್ಚಿಯಲ್ಲಿ ಕುಳಿತು, ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂಬಂತೆ ಕ್ಯಾಪ್ ಹಣವನ್ನು ಹಂಚಲು ತೊಡಗುತ್ತೇವೆ. ಅದು ನಮ್ಮ ಹಣವಲ್ಲ. ಉಳಿಸಿದರೆ ನಮ್ಮ ಟಿಕೆಟ್ಟಿನ ದರವೂ ಇಳಿಯುವುದಿಲ್ಲ.

ಹೊಸಬನನ್ನೂ ಹಿರಿಯನನ್ನೂ ಎದುರಾಳಿಗಳಾಗಿ ನಿಲ್ಲಿಸಬೇಕಾಗಿಲ್ಲ ಎಂಬುದಕ್ಕೆ 2024ರ ವಾಷಿಂಗ್ಟನ್ ತಂಡವನ್ನು ನೋಡಿ. 2023ರಲ್ಲಿ 4 ಗೆಲುವು, 13 ಸೋಲು. 2024ರಲ್ಲಿ ಎರಡನೆಯ ಆಯ್ಕೆಯಾಗಿ ಕ್ವಾರ್ಟರ್‌ಬ್ಯಾಕ್ ಜೇಡನ್ ಡೇನಿಯಲ್ಸ್ ಬಂದರು. ಆದರೆ ಅವರೊಬ್ಬರೇ ಬರಲಿಲ್ಲ. ಅದೇ ವಸಂತದಲ್ಲಿ ಹಿಂದೆ ನಮ್ಮಲ್ಲಿ ಆಡಿದ ಬಾಬಿ ವ್ಯಾಗ್ನರ್, ಅವರಂತೆಯೇ ಅನುಭವಿಗಳಾದ ಜ್ಯಾಕ್ ಅರ್ಟ್ಸ್, ಆಸ್ಟಿನ್ ಎಕ್ಲರ್ ಕೂಡ ಬಂದರು. 12 ಗೆಲುವು, ಆಮೇಲೆ ಸೂಪರ್ ಬೌಲ್‌ಗೆ ಮುಂಚಿನ ಹಂತವಾದ ಕಾನ್ಫರೆನ್ಸ್ ಫೈನಲ್. ಕ್ವಾರ್ಟರ್‌ಬ್ಯಾಕ್‌ನ ಸಂಬಳವನ್ನು ನಿಯಮ ತಗ್ಗಿಸಿದ್ದರಿಂದ ಉಳಿದ ಜಾಗದಲ್ಲಿ ಹಿರಿಯರನ್ನು ಕೂರಿಸಿದವರು ಅವರು. 2011ರ ಭರವಸೆಯನ್ನು ಅದರ ನಿಜವಾದ ಅರ್ಥದಲ್ಲಿ ಪಾಲಿಸಿದವರು ಎಂದು ನಾನು ಅವರನ್ನು ಮೆಚ್ಚುತ್ತೇನೆ.

ಮಿನೆಸೋಟ ಬೇರೆ ದಾರಿ ಹಿಡಿಯಿತು. 2024ರಲ್ಲಿ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಾಲ್ಡ್ 35 ಟಚ್‌ಡೌನ್ ಎಸೆದು 14 ಗೆಲುವು ತಂದುಕೊಟ್ಟರೂ, ಗಾಯದಿಂದಾಗಿ ಆ ಋತುವಿನಲ್ಲಿ ಒಂದೂ ಪಂದ್ಯ ಆಡದಿದ್ದ ಹೊಸಬ ಜೆ.ಜೆ. ಮೆಕಾರ್ಥಿ ಅವರ ಅಗ್ಗದ ಒಪ್ಪಂದವನ್ನು ನೆಚ್ಚಿಕೊಂಡಿತು. ಡಾರ್ನಾಲ್ಡ್ ಮೂರು ವರ್ಷಕ್ಕೆ 10 ಕೋಟಿ 5 ಲಕ್ಷದ ಒಪ್ಪಂದದೊಂದಿಗೆ ಈಗ ನಮ್ಮಲ್ಲಿಗೆ ಬಂದಿದ್ದಾರೆ. ಇದರ ತೀರ್ಪು ಆಟದಲ್ಲೇ ಆಗಲಿ. ನಾನು ಹೇಳುವುದಿಷ್ಟೇ, ಮೆಕಾರ್ಥಿ ಅಗ್ಗವೆನಿಸುವುದು ಮತ್ತೆ ಆ ನಿಯಮದಿಂದಲೇ.

ಅಧ್ಯಕ್ಷರು ಗಡಿಯಾರದ ಕಡೆ ಕೈ ತೋರುತ್ತಿದ್ದಾರೆ. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳ ಬಗ್ಗೆ ಬಹಳ ಬರೆದುಕೊಂಡು ಬಂದಿದ್ದೆ. ಒಂದೇ ಮಾತು: ನ್ಯೂಯಾರ್ಕ್ ಜೈಂಟ್ಸ್ ಹೋಗಲು ಬಿಟ್ಟ ಸೇಕ್ವಾನ್ ಬಾರ್ಕ್ಲಿ 2024ರಲ್ಲಿ ಫಿಲಡೆಲ್ಫಿಯಾ ಪರ 2,005 ಗಜ ಓಡಿ, ತಮ್ಮ 28ನೆಯ ಹುಟ್ಟುಹಬ್ಬದಂದೇ ಸೂಪರ್ ಬೌಲ್ ಗೆದ್ದರು. ಹೊಸಬರ ಕಡೆಯಿಂದಲೂ ಒಂದು ಸುದ್ದಿ ಇದೆ. 2025ರಲ್ಲಿ ಎರಡನೆಯ ಸುತ್ತಿನ ಹಲವು ಹುಡುಗರು ಸಹಿ ಹಾಕದೆ ಪಟ್ಟು ಹಿಡಿದರು. ಹ್ಯೂಸ್ಟನ್‌ನ ಜೇಡನ್ ಹಿಗಿನ್ಸ್ ಆ ಸುತ್ತಿನಲ್ಲಿ ಪೂರ್ತಿ ಖಾತರಿಯ ಒಪ್ಪಂದ ಪಡೆದ ಮೊದಲಿಗರಾದರು. ನಿಯಮ ಕಟ್ಟಿದ ಬೆಲೆ ತಮಗೆ ತಕ್ಕುದಲ್ಲ ಎಂದು ಆ ಹುಡುಗರಿಗೂ ತಿಳಿದಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಾಲ್ಕು ವರ್ಷ ಕಳೆದರೆ ಅವರೂ ಹಳಬರೇ.

ಬರುವ ಭಾನುವಾರ, ಸೆಪ್ಟೆಂಬರ್ 7ರಂದು, ನಮ್ಮ ಊರಿನಲ್ಲೇ ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ ಮೊದಲ ಪಂದ್ಯ. ನಾಲ್ಕು ವರ್ಷ ಪೂರೈಸಿದ ಆಟಗಾರ ಮೊದಲ ವಾರದ ಪಟ್ಟಿಯಲ್ಲಿದ್ದರೆ, ಆಮೇಲೆ ತಂಡ ಕೈಬಿಟ್ಟರೂ ಆ ಇಡೀ ವರ್ಷದ ಸಂಬಳ ಪಡೆಯುವ ಹಕ್ಕು ಅವನಿಗಿರುತ್ತದೆ. ಆದ್ದರಿಂದಲೇ ಕೆಲವು ತಂಡಗಳು ಮೊದಲ ವಾರ ಕಳೆಯುವವರೆಗೆ ಹಿರಿಯರನ್ನು ಕರೆಯದೆ ಕಾಯುತ್ತವೆ. ಪಂದ್ಯ ಮುಗಿದ ಮೇಲೆ ಸೋಮವಾರ, ಮಂಗಳವಾರದ ಸುದ್ದಿಯಲ್ಲಿ ಯಾವ ಯಾವ ಹಿರಿಯರಿಗೆ ಕರೆ ಹೋಗಿದೆ ಎಂಬುದನ್ನು ದಯವಿಟ್ಟು ನೋಡಿ. ಅವರ ಹೆಸರುಗಳನ್ನು ಬರೆದಿಟ್ಟುಕೊಂಡು ಮುಂದಿನ ತಿಂಗಳ ಸಭೆಗೆ ಬನ್ನಿ, ಅಲ್ಲಿಂದ ಮಾತು ಮುಂದುವರಿಸೋಣ. ನಮಸ್ಕಾರ.